ಪಾಸ್ಟರನ್ನ ನೋಡಿ ಸೇರ್ಬೇಡಿ, ಸಭೆಯನ್ನ ನೋಡಿ ಸೇರಿ
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ನಮ್ಮೂರು ಹಾಸನದ ಹತ್ರ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ, ಮಗುವಾಗಿದ್ದಾಗ್ಲೇ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿದೆ, ಹೈಸ್ಕೂಲಲ್ಲಿ ದೃಢೀಕರಣನೂ, ಅಂದ್ರೆ ಆ ನಂಬಿಕೆನ ನಾನೇ ಒಪ್ಕೊಳ್ಳೋ ವಿಧಿನೂ ಆಯ್ತು. ಈಗ ಹೆಬ್ಬಾಳದ ಹತ್ರ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗ್ತೀನಿ. ಆಫೀಸ್ ಫ್ರೆಂಡ್ ಜೊತೆ ಒಂದು ಬ್ಯಾಪ್ಟಿಸ್ಟ್ ಸಭೆಗೆ (ಚರ್ಚಿಗೆ) ಹೋಗೋಕೆ ಶುರು ಮಾಡಿ ವರ್ಷದ ಮೇಲಾಯ್ತು. ಪಾಸ್ಟರ್ ಪ್ರಸಂಗ ಕೇಳಿದ್ರೆ ಇಡೀ ವಾರ ಮನಸ್ಸಲ್ಲೇ ಇರುತ್ತೆ. ಈಗ ಮೆಂಬರ್ ಆಗಿ ಅಂತಿದ್ದಾರೆ, ಆದ್ರೆ ಅದಕ್ಕೆ ಮೊದ್ಲು ನೀರಲ್ಲಿ ಮುಳುಗಿ ದೀಕ್ಷಾಸ್ನಾನ ತಗೋಬೇಕಂತೆ. ಅಮ್ಮ ಫೋನಲ್ಲಿ ಅಳ್ತಾರೆ, ಹಾಗಾದ್ರೆ ನಾವು ಮಾಡ್ಸಿದ್ದೆಲ್ಲ ಸುಳ್ಳಾ ಅಂತ ಕೇಳ್ತಾರೆ. ಏನ್ ಮಾಡ್ಲಿ?
— ಹೆಸರು ಬೇಡ, ಹೆಬ್ಬಾಳ

ಉತ್ತರ: ಮೊದ್ಲು ಅಮ್ಮನ ವಿಷ್ಯ ಮಾತಾಡೋಣ ಕಣಮ್ಮ. ನಿಮ್ಮಮ್ಮ ನಿಮ್ಮನ್ನ ಎತ್ಕೊಂಡು ಹೋಗಿ ದೇವರ ಮುಂದೆ ನಿಂತಿದ್ದು, ಈ ಮಗೂನ ಕರ್ತನ ಭಯದಲ್ಲಿ ಬೆಳೆಸ್ತೀವಿ ಅಂತ ಎಲ್ಲರ ಎದುರು ಮಾತು ಕೊಟ್ಟಿದ್ದು, ಆಮೇಲೆ ಅಷ್ಟು ವರ್ಷ ಸಂಡೇ ಸ್ಕೂಲಿಗೆ ಕಳ್ಸಿದ್ದು ಯಾವುದೂ ಸುಳ್ಳಲ್ಲ, ಇವತ್ತು ನೀವು ಪ್ರಸಂಗ ಕೇಳಿ ವಾರಪೂರ್ತಿ ಯೋಚ್ನೆ ಮಾಡ್ತೀರಲ್ಲ ಅದರ ಬೇರು ಅಲ್ಲೇ ಇದೆ. ನೀವು ಯಾವ ಸಭೆಗಾದ್ರೂ ಸೇರಿ, ಅಮ್ಮನ ಹತ್ರ ಇದನ್ನ ಬಾಯಿಬಿಟ್ಟು ಹೇಳಿ, ಸಾಧ್ಯವಾದ್ರೆ ಫೋನಲ್ಲಿ ಬೇಡ, ಊರಿಗೆ ಹೋಗಿ ಎದುರು ಕೂತು ಹೇಳಿ.

ಇನ್ನು ದೀಕ್ಷಾಸ್ನಾನ. ಬ್ಯಾಪ್ಟಿಸ್ಟರ ನಂಬಿಕೆ ಏನಂದ್ರೆ ಮೊದ್ಲು ವಿಶ್ವಾಸ, ಆಮೇಲೆ ನೀರು, ಅದೂ ಪೂರ್ತಿ ಮುಳುಗಿಸಿ. ಅಪೊಸ್ತಲರ ಕೃತ್ಯಗಳು 8ರಲ್ಲಿ ಫಿಲಿಪ್ಪ ಮತ್ತು ಆ ಐಥಿಯೋಪ್ಯದ ಅಧಿಕಾರಿ ಇಬ್ರೂ ನೀರಿಗೆ ಇಳಿದಿದ್ದು, ರೋಮಾಪುರದವರಿಗೆ ಬರೆದ ಪತ್ರ 6ರಲ್ಲಿ ಕ್ರಿಸ್ತನ ಜೊತೆ ಹೂಣಲ್ಪಟ್ಟು ಎದ್ದು ಬರೋ ಮಾತು, ಇವನ್ನೇ ಅವರು ತೋರಿಸ್ತಾರೆ. ಅವರ ಲೆಕ್ಕದಲ್ಲಿ ಇದು ನಿಮ್ಮ ಎರಡನೇ ದೀಕ್ಷಾಸ್ನಾನ ಅಲ್ಲ, ಮೊದಲ್ನೇದು. ಸಿಎಸ್‌ಐ ಲೆಕ್ಕದಲ್ಲಿ ದೀಕ್ಷಾಸ್ನಾನ ಒಂದೇ ಸಲ, ಅದು ಆಗಿಹೋಗಿದೆ, ಮತ್ತೆ ಮಾಡೋದನ್ನ ಅವರು ಒಪ್ಪಲ್ಲ. ಇಲ್ಲಿ ಮಧ್ಯದ ದಾರಿ ಅಂತ ಒಂದು ಇಲ್ಲ, ಅದಕ್ಕೇ ಅಮ್ಮನಿಗೆ ಇಷ್ಟು ನೋವು. ಈ ಜಗಳ ಹೊಸದೂ ಅಲ್ಲ, 1609ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ಜಾನ್ ಸ್ಮಿತ್ ಅನ್ನೋ ಇಂಗ್ಲಿಷ್ ಬೋಧಕರು ಮಗುವಾಗಿದ್ದಾಗ ಆದ ಸ್ನಾನ ಲೆಕ್ಕಕ್ಕಿಲ್ಲ ಅಂತ ಹೊಸದಾಗಿ ಸಭೆ ಕಟ್ಟಿದಾಗಿನಿಂದ ಇದೆ. 1947ರ ಸೆಪ್ಟೆಂಬರ್ 27ಕ್ಕೆ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳೆಲ್ಲ ಒಂದಾಗಿ ಸಿಎಸ್‌ಐ ಆದಾಗ್ಲೂ ದಕ್ಷಿಣದ ಬ್ಯಾಪ್ಟಿಸ್ಟರು ಹೊರಗೇ ಉಳಿದ್ರು. ನಾನೂರು ವರ್ಷ ದೊಡ್ಡ ದೊಡ್ಡವರೇ ಬಗೆಹರಿಸ್ಕೊಳ್ಳದ ವಿಷ್ಯನ ನೀವು ಒಂದು ಬ್ಯಾಪ್ಟಿಸಮ್ ಕ್ಲಾಸಲ್ಲಿ ತೀರ್ಮಾನ ಮಾಡ್ಬೇಕಿಲ್ಲ. ಈಸ್ಟರ್ ಒಳಗೆ ಆಗ್ಲಿ ಅಂತ ಯಾರಾದ್ರೂ ಅವಸರ ಮಾಡಿದ್ರೆ ಬೇಡ ಅನ್ನಿ. ನಿಮ್ಮ ಮನಸ್ಸಾಕ್ಷಿಗೆ ವಾಕ್ಯದಿಂದ ಒಪ್ಪಿಗೆ ಆದ್ರೆ ಮಾತ್ರ ನೀರಿಗೆ ಇಳೀರಿ, ಮೆಂಬರ್‌ಶಿಪ್ ಸಿಗಲಿ ಅಂತ ಇಳೀಬೇಡಿ, ಹಾಗೆ ಇಳಿಯೋದು ಬ್ಯಾಪ್ಟಿಸ್ಟರ ನಂಬಿಕೆಗೇ ವಿರುದ್ಧ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಯೋಚ್ನೆ ಹತ್ತಿಸಿದ್ದು ಬೇರೆ. ಅಲ್ಲಿ ನಿಮಗೆ ಹಿಡಿಸಿದ್ದು ಅಂತ ಹೇಳಿರೋದು ಪಾಸ್ಟರ್ ಪ್ರಸಂಗ ಮಾತ್ರ, ಸಭೆಯ ಜನರ ಬಗ್ಗೆ ಒಂದು ಮಾತೂ ಇಲ್ಲ. ಸಿಎಸ್‌ಐನಲ್ಲಿ ಸಭಾಪಾಲಕರನ್ನ ಬಿಷಪ್ ಕಳಿಸ್ತಾರೆ, ಕೆಲವು ವರ್ಷ ಆದ್ಮೇಲೆ ಟ್ರಾನ್ಸ್‌ಫರ್ ಆಗುತ್ತೆ, ತಕರಾರು ಇದ್ರೆ ಡಯಾಸಿಸ್ (ಬಿಷಪ್ ಆಡಳಿತದ ಪ್ರಾಂತ್ಯ) ಆಫೀಸಿಗೆ ಹೋಗ್ಬಹುದು. ಬ್ಯಾಪ್ಟಿಸ್ಟ್ ಸಭೆಗೆ ಮೇಲೆ ಬಿಷಪ್ ಇಲ್ಲ. ಹಲವು ಸಭೆಗಳು ಸೇರಿದ ಸಂಘ, ಕನ್ವೆನ್ಷನ್ ಅಂತ ಇದ್ರೂ ಅವು ಸಲಹೆ ಕೊಡ್ಬಹುದು, ಸಹಾಯ ಮಾಡ್ಬಹುದು, ಸಭೆ ಮೇಲೆ ಹುಕುಂ ಮಾಡೋ ಹಾಗಿಲ್ಲ. ಪಾಸ್ಟರನ್ನ ಕರೆಯೋದು ಸಭೆ, ಬೇಡ ಅನ್ನೋ ಹಕ್ಕೂ ಸಭೆಯದೇ. ಲಂಡನ್ನಿನ ಒಂದು ಹಳೇ ಸಭೆ 1854ರಲ್ಲಿ ಹತ್ತೊಂಬತ್ತು ವರ್ಷದ ಸ್ಪರ್ಜನ್‌ನ (ಆಮೇಲೆ ಹೆಸರಾಂತ ಪ್ರಸಂಗಿ ಆದವನು) ಪಾಸ್ಟರ್ ಆಗಿ ಕರೆದಿದ್ದು ಹೀಗೇ, ಯಾವ ಬಿಷಪ್ಪೂ ಕಳಿಸಿದ್ದಲ್ಲ, ಅಲ್ಲಿನ ಸದಸ್ಯರೇ ಅವನ ಪ್ರಸಂಗ ಕೇಳಿ ನೋಡಿ ಕರೆದಿದ್ದು. ಎಷ್ಟು ದೊಡ್ಡ ಸ್ವಾತಂತ್ರ್ಯ ನೋಡಿ. ಅಷ್ಟೇ ದೊಡ್ಡ ಅಪಾಯನೂ ಹೌದು, ಯಾಕಂದ್ರೆ ಪಾಸ್ಟರ್ ದಾರಿ ತಪ್ಪಿದ್ರೆ ತಿದ್ದೋಕೆ ಮೇಲಿಂದ ಯಾರೂ ಬರಲ್ಲ, ಸದಸ್ಯರೇ ಮಾತಾಡ್ಬೇಕು. ಮೆಂಬರ್ ಆಗೋದು ಅಂದ್ರೆ ಆ ಜವಾಬ್ದಾರಿಗೆ ಹೆಗಲು ಕೊಡೋದು.

ಹಾಗಾಗಿ ಸೇರೋ ಮೊದ್ಲು ಸುತ್ತ ನೋಡಿ. ಸದಸ್ಯರ ಮೀಟಿಂಗ್ ವರ್ಷಕ್ಕೆ ಎಷ್ಟು ಸಲ ನಡೆಯುತ್ತೆ, ಅಲ್ಲಿ ಮಾತಾಡೋದು ಒಬ್ರೇನಾ ಅಥವಾ ಹಿಂದಿನ ಬೆಂಚಿನ ಅಜ್ಜಿಗೂ ಅವಕಾಶ ಸಿಗುತ್ತಾ? ಕಾಣಿಕೆ ಎಣಿಸೋರು ಯಾರು, ಬ್ಯಾಂಕ್ ಖಾತೆಗೆ ಎಷ್ಟು ಜನರ ಸಹಿ ಬೇಕು, ಲೆಕ್ಕ ಓದಿ ಹೇಳ್ತಾರಾ? ಸಭೆಯ ನಿಯಮಾವಳಿ ಕೈಗೆ ಕೊಡ್ತಾರಾ? ಸಭೆ ಬಿಟ್ಟು ಹೋದವರ ಬಗ್ಗೆ ಪಾಸ್ಟರ್ ಹೇಗೆ ಮಾತಾಡ್ತಾರೆ ಅನ್ನೋದನ್ನ ತುಂಬಾ ಗಮನ ಇಟ್ಟು ಕೇಳಿ, ನನ್ನ ಪ್ರಕಾರ ಸಭೆ ಅನ್ನೋ ಮಂದೆ ಕಾಯೋ ಕುರುಬನ ಮನಸ್ಸು ಅಲ್ಲೇ ಗೊತ್ತಾಗೋದು. ಕಷ್ಟ ಬಂದಾಗ ಯಾರು ಯಾರ ಮನೆಗೆ ಹೋಗ್ತಾರೆ ನೋಡಿ. ಬೆಂಗಳೂರಲ್ಲಿ ಇದು ಸುಲಭ ಅಲ್ಲ, ಒಬ್ರು ಯಲಹಂಕ, ಒಬ್ರು ಬಾಣಸವಾಡಿ, ಭಾನುವಾರ ಬಿಟ್ರೆ ಮುಖ ನೋಡೋದೇ ಕಷ್ಟ, ಆದ್ರೂ ಪಿಜಿಯಲ್ಲಿ ಜ್ವರ ಬಂದು ಮಲಗಿರೋ ಹುಡುಗಿಗೆ ಗಂಜಿ ತಂದು ಕೊಡೋರು ಇರೋ ಸಭೆಗಳು ಇವೆ, ನಾನು ನೋಡಿದ್ದೀನಿ.

ಪಾಸ್ಟರ್ ಹತ್ರನೂ ನೇರವಾಗಿ ಕೇಳಿ, ಅಂಜಿಕೆ ಬೇಡ. ನೀವು ಯಾರಿಗೆ ಉತ್ತರ ಕೊಡ್ಬೇಕು ಅಂತ ಕೇಳಿ. ದೇವರಿಗೆ ಮಾತ್ರ ಅಂದ್ರೆ ಇನ್ನೂ ಸ್ವಲ್ಪ ದಿನ ಸುಮ್ನೆ ಆರಾಧನೆಗೆ ಹೋಗಿ ಬರ್ತಾ ಇರಿ. ದೇವರಿಗೆ, ಮತ್ತೆ ಈ ಸಭೆಗೆ ಅಂದ್ರೆ ಆ ಸಭೆಯ ಜೊತೆ ಮುಂದೆ ಮಾತಾಡ್ಬಹುದು.

ಕೊನೇದಾಗಿ ಒಂದು ಪ್ರಾಯೋಗಿಕ ವಿಷ್ಯ, ಅಮ್ಮನೂ ಇದನ್ನ ಖಂಡಿತ ಕೇಳ್ತಾರೆ. ಸತ್ತರೆ ಮಣ್ಣು ಎಲ್ಲಿ? ಚಿಕ್ಕ ಸಭೆಗಳಿಗೆ ಸ್ವಂತ ಸಮಾಧಿ ಜಾಗ ಇರೋದು ಕಮ್ಮಿ, ಈ ಊರಲ್ಲಿ ಜಾಗದ ಕಷ್ಟ ಬೇರೆ. ಯಾವ ಸಮಾಧಿಭೂಮಿ ಜೊತೆ ಸಭೆಗೆ ಒಪ್ಪಂದ ಇದೆ ಅಂತ ಈಗ್ಲೇ ಕೇಳಿ ಇಟ್ಕೊಳ್ಳಿ, ಕೇಳೋದ್ರಲ್ಲಿ ಅಪಶಕುನ ಏನೂ ಇಲ್ಲ.

ಪ್ರಶ್ನೆ: ನಾನು ಒಂದು ಬ್ಯಾಪ್ಟಿಸ್ಟ್ ಸಭೆಯಲ್ಲಿ ಸಭಾಸೇವಕ (ಡೀಕನ್). ನಮ್ಮ ಪಾಸ್ಟರ್ ಕಷ್ಟಪಟ್ಟು, ಬಾಡಿಗೆ ಶೆಡ್ಡಲ್ಲಿ ಸಭೆ ಶುರು ಮಾಡಿದವ್ರು, ಅದನ್ನ ನಾನು ಮರೆತಿಲ್ಲ. ಆದ್ರೆ ಈಗ ಮಗನನ್ನ ಮುಂದಿನ ಪಾಸ್ಟರ್ ಅಂತ ವೇದಿಕೆ ಮೇಲೇ ಘೋಷಣೆ ಮಾಡಿಬಿಟ್ರು, ಯಾರನ್ನೂ ಕೇಳ್ಲಿಲ್ಲ. ಲೆಕ್ಕ ಕೇಳಿದ್ರೆ ದೇವರ ಅಭಿಷಿಕ್ತರನ್ನ ಮುಟ್ಟಬೇಡಿ ಅಂತಾರೆ. ಸುಮ್ನಿರೋದು ವಿಧೇಯತೆನಾ?
— ಒಬ್ಬ ಸಭಾಸೇವಕ, ದಾಸರಹಳ್ಳಿ

ಉತ್ತರ: ಅಲ್ಲ ಬ್ರದರ್. ಇದು ವಿಧೇಯತೆ ಅಲ್ಲ.

ಅಭಿಷಿಕ್ತರನ್ನ ಮುಟ್ಟಬೇಡಿ ಅನ್ನೋ ಮಾತು ಬರೋದು ಕೀರ್ತನೆ 105ರಲ್ಲಿ, ಅಬ್ರಹಾಮ ಇಸಾಕ ಯಾಕೋಬರು ಪರದೇಶದಲ್ಲಿ ಅಲೀತಿದ್ದಾಗ ಅವರಿಗೆ ಕೇಡು ಮಾಡ್ಬೇಡಿ ಅಂತ ದೇವರು ರಾಜರಿಗೆ ಹೇಳಿದ್ದು. ಬಲ ಇಲ್ಲದವರನ್ನ ಬಲ ಇದ್ದವರಿಂದ ಕಾಪಾಡೋಕೆ ಬಂದ ಮಾತದು, ಅದನ್ನ ತಿರುಗಿಸಿ ಲೆಕ್ಕ ಕೇಳೋ ಸದಸ್ಯರ ಬಾಯಿ ಮುಚ್ಚಿಸೋಕೆ ಬಳಸೋದು ನೋಡಿದ್ರೆ ನನಗೆ ತುಂಬಾ ನೋವಾಗುತ್ತೆ. ದಾವೀದ ಕೂಡ ದೇವರ ಅಭಿಷಿಕ್ತ ಅಂತ ರಾಜ ಸೌಲನ ಮೇಲೆ ಕೈ ಎತ್ತಲಿಲ್ಲ ನಿಜ, ಆದ್ರೆ ಗವಿಯಿಂದ ಹೊರಗೆ ಬಂದು ಅವನ ಸೈನ್ಯದ ಎದುರೇ ನೀನು ಮಾಡ್ತಿರೋದು ಅನ್ಯಾಯ ಅಂತ ಕೂಗಿ ಹೇಳಿದ. ಪೌಲ ಅಂತಿಯೋಕ್ಯದಲ್ಲಿ ಪೇತ್ರನನ್ನ ಮುಖಾಮುಖಿ ಎದುರಿಸಿದ್ದು ಗಲಾತ್ಯದವರಿಗೆ ಬರೆದ ಪತ್ರ 2ರಲ್ಲೇ ಇದೆ. ಆ ಪೇತ್ರನೇ ಆಮೇಲೆ ತನ್ನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಹಿರಿಯರಿಗೆ ಹೇಳೋದು, ದೊರೆಗಳ ಥರ ಇರಬೇಡಿ, ಮಂದೆಗೆ ಮಾದರಿಯಾಗಿರಿ ಅಂತ.

ಇನ್ನೊಂದು ಹೇಳ್ತೀನಿ. ಇಂಗ್ಲೆಂಡಿನ ನೆಲದಲ್ಲಿ ಮೊದಲ ಬ್ಯಾಪ್ಟಿಸ್ಟ್ ಸಭೆ ಕಟ್ಟಿದ ಥಾಮಸ್ ಹೆಲ್ವಿಸ್, 1612ರಲ್ಲಿ ರಾಜ ಜೇಮ್ಸ್‌ಗೇ ಬರೆದ್ರು, ರಾಜನೂ ಮನುಷ್ಯ, ದೇವರಲ್ಲ, ಪ್ರಜೆಗಳ ಆತ್ಮದ ಮೇಲೆ ಅವನಿಗೆ ಅಧಿಕಾರ ಇಲ್ಲ ಅಂತ. ಅದಕ್ಕೆ ಜೈಲಿಗೆ ಹೋದ್ರು, ಅಲ್ಲೇ ತೀರ್ಕೊಂಡ್ರು. ಆ ಪರಂಪರೆಯ ಹೆಸರನ್ನ ಬೋರ್ಡ್ ಮೇಲೆ ಬರೆಸ್ಕೊಂಡು ಒಳಗೆ ಒಬ್ಬನೇ ರಾಜ ಆಗೋದು ಸರಿಯಲ್ಲ.

ಮಗ ಪಾಸ್ಟರ್ ಆಗ್ಲೇಬಾರದು ಅಂತ ನಾನು ಹೇಳ್ತಿಲ್ಲ. ಕರೆ ಇರ್ಬಹುದು, ಓದಿರ್ಬಹುದು, ಒಳ್ಳೆ ಹುಡುಗ ಇರ್ಬಹುದು. ಹಾಗಿದ್ರೆ 1 ತಿಮೊಥೆಯ 3 ತೆಗೆದು ಸಭೆ ಅವನನ್ನ ಪರೀಕ್ಷೆ ಮಾಡ್ಲಿ, ಬೋಧಿಸೋ ಸಾಮರ್ಥ್ಯ, ಮನೆ ನಡೆಸೋ ರೀತಿ, ಹಣದ ಆಸೆ ಇಲ್ಲದಿರೋದು, ಹೊರಗಿನವರ ಹತ್ರ ಒಳ್ಳೆ ಹೆಸರು, ಎಲ್ಲಾ ನೋಡಿ ಸದಸ್ಯರು ಪ್ರಾರ್ಥನೆ ಮಾಡಿ ಓಟ್ ಹಾಕ್ಲಿ. ಯೆರೂಸಲೇಮಿನಲ್ಲಿ ಊಟ ಹಂಚೋಕೆ ಏಳು ಜನ ಬೇಕಾದಾಗ್ಲೂ ಅಪೊಸ್ತಲರು ತಾವೇ ಹೆಸರು ಹೇಳ್ಲಿಲ್ಲ, ನಿಮ್ಮಲ್ಲಿ ನೀವೇ ಆರಿಸ್ಕೊಳ್ಳಿ ಅಂದ್ರು. ಸಭೆ ಮನಸಾರೆ ಕರೆದ್ರೆ ಆ ಹುಡುಗನಿಗೇ ಬಲ, ಇಲ್ಲಾಂದ್ರೆ ಜೀವನಪೂರ್ತಿ ಅಪ್ಪನ ನೆರಳಲ್ಲಿ ಸೇವೆ ಮಾಡ್ಬೇಕಾಗುತ್ತೆ ಪಾಪ.

ಈಗ ನೀವು ಮಾಡ್ಬೇಕಾದ್ದು. ಮೊದ್ಲು ಒಬ್ರೇ ಹೋಗಿ ಪಾಸ್ಟರ್ ಹತ್ರ ಮಾತಾಡಿ, ಅವರ ಮನೇಲಿ, ಗೌರವದಿಂದ, ಅವರು ಪಟ್ಟ ಕಷ್ಟಕ್ಕೆ ಥ್ಯಾಂಕ್ಸ್ ಹೇಳಿ ಶುರು ಮಾಡಿ. ಕೇಳ್ಲಿಲ್ಲ ಅಂದ್ರೆ ಇನ್ನೊಬ್ರು ಇಬ್ರು ಹಿರಿಯರನ್ನ ಕರ್ಕೊಂಡು ಹೋಗಿ, ಆಗ್ಲೂ ಆಗ್ಲಿಲ್ಲ ಅಂದ್ರೆ ಸಭೆಗೆ ತಿಳಿಸಿ, ಮತ್ತಾಯ 18ರ ಕ್ರಮ ಇದೇ. ವಾಟ್ಸಾಪ್ ಗ್ರೂಪಲ್ಲಿ ಮಾತ್ರ ಹಾಕ್ಬೇಡಿ, ದಯವಿಟ್ಟು, ಅಲ್ಲಿ ಹಾಕಿದ ದಿನವೇ ಸಭೆ ಎರಡು ಪಾಲು. ಕೇಳಿದ ಸುದ್ದಿ ಮೇಲೆ ದೂರು ಹೇಳ್ಬೇಡಿ, ಹಿರಿಯನ ಮೇಲಿನ ದೂರಿಗೆ ಇಬ್ರು ಮೂರು ಜನ ಸಾಕ್ಷಿ ಬೇಕು ಅಂತ 1 ತಿಮೊಥೆಯ 5ರಲ್ಲಿ ಇರೋದು ಪಾಸ್ಟರ್‌ಗೂ ರಕ್ಷಣೆ.

ಲೆಕ್ಕದ ವಿಷ್ಯಕ್ಕೆ ಕಾನೂನೂ ಇದೆ. ಸಭೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ರಿಜಿಸ್ಟರ್ ಆಗಿದ್ರೆ ವಾರ್ಷಿಕ ಸಭೆ ನಡೆಸ್ಬೇಕು, ಆಡಿಟ್ ಆದ ಲೆಕ್ಕ ಮತ್ತೆ ಆಡಳಿತ ಮಂಡಳಿ ಪಟ್ಟಿನ ರಿಜಿಸ್ಟ್ರಾರ್‌ಗೆ ಕೊಡ್ಬೇಕು. ಟ್ರಸ್ಟ್ ಆಗಿದ್ರೆ ಟ್ರಸ್ಟ್ ಡೀಡ್ ಓದಿ, ಟ್ರಸ್ಟಿಗಳು ಯಾರು, ಒಂದೇ ಮನೆಯವ್ರಾ, ಜಾಗ ಯಾರ ಹೆಸರಲ್ಲಿದೆ ಅಂತ ನೋಡಿ. ಎಷ್ಟೋ ಕಡೆ ಜನರ ಕಾಣಿಕೆಯಲ್ಲಿ ತಗೊಂಡ ಸೈಟು ಒಬ್ಬರ ಹೆಸರಲ್ಲಿ ಇರುತ್ತೆ, ಆಮೇಲೆ ಪ್ರಾರ್ಥನೆ ಮಾಡಿದ್ರೂ ಖಾತೆ ಬದಲಾಗಲ್ಲ. ವಿದೇಶದಿಂದ ಹಣ ಬರ್ತಿದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕು, 2020ರ ತಿದ್ದುಪಡಿ ಆದ್ಮೇಲೆ ಆ ಹಣ ಮೊದ್ಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರ್ಬೇಕು, ಪಾಸ್ಟರ್ ಸ್ವಂತ ಖಾತೆಗೆ ಬರೋ ಹಾಗಿಲ್ಲ. ಆದ್ರೆ ಕೋರ್ಟಿಗೆ ಓಡ್ಬೇಡಿ ಈಗ್ಲೇ. ಹೊರಗಿನ ಒಬ್ರು ಹಿರಿಯ ಪಾಸ್ಟರನ್ನ, ಎರಡೂ ಕಡೆಯವರು ಒಪ್ಪೋರನ್ನ, ಕೂರಿಸ್ಕೊಂಡು ಮಾತಾಡಿ. ಎಲ್ಲಾ ಮಾಡಿ ಆಗ್ಲೂ ಬಾಗಿಲು ಮುಚ್ಚಿದ್ರೆ ಸಭಾಸೇವಕ ಸ್ಥಾನ ಬಿಡ್ಬಹುದು, ಕಾರಣ ಬರೆದು ಕೊಟ್ಟು ಬಿಡಿ, ಸದ್ದಿಲ್ಲದೆ ಮಾಯ ಆಗ್ಬೇಡಿ, ನಿಮ್ಮನ್ನ ನಂಬಿರೋ ಬಡ ಕುಟುಂಬಗಳು ಅಲ್ಲಿವೆ.

ಪ್ರಶ್ನೆ: ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ಊರಿನ ಎಲ್ಲಾ ಬ್ಯಾಪ್ಟಿಸ್ಟ್ ಸಭೆಗಳಿಗೂ ಸೇರಿದ್ದಾ? ನಮ್ಮ ಸಭೆಯವ್ರಿಗೆ ಅಲ್ಲಿ ರಿಯಾಯ್ತಿ ಇರುತ್ತಾ?
— ಓದುಗ, ಕಮ್ಮನಹಳ್ಳಿ

ಉತ್ತರ: ಇಲ್ಲ. ಅದನ್ನ 1973ರಲ್ಲಿ ಶುರು ಮಾಡಿದ್ದು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್, 1989ರಿಂದ ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್) ಆಡಳಿತ. ಬ್ಯಾಪ್ಟಿಸ್ಟ್ ಅಂತ ಬೋರ್ಡ್ ಇದ್ದ ತಕ್ಷಣ ಎಲ್ಲಾ ಒಂದೇ ಸಂಸ್ಥೆ ಅಂದ್ಕೋಬೇಡಿ. ಬೆಂಗಳೂರಲ್ಲಿ ಆಂಧ್ರದ ಕಡೆಯಿಂದ ಬಂದ ತೆಲುಗು ಬ್ಯಾಪ್ಟಿಸ್ಟರು ಇದ್ದಾರೆ, ಒಂಗೋಲಲ್ಲಿ 1878ರಲ್ಲಿ ಒಂದೇ ದಿನ 2222 ಜನ ದೀಕ್ಷಾಸ್ನಾನ ತಗೊಂಡ ಪರಂಪರೆಯವ್ರು, ಓದೋಕೆ ಕೆಲಸಕ್ಕೆ ಬಂದ ನಾಗಾ ಮಿಜೋ ಬ್ಯಾಪ್ಟಿಸ್ಟರು ಇದ್ದಾರೆ, ಕನ್ನಡ ತಮಿಳು ಇಂಗ್ಲಿಷ್ ಸಭೆಗಳಿವೆ. ಒಂದೊಂದೂ ಸ್ವತಂತ್ರ. ಚಿಕಿತ್ಸೆ ಖರ್ಚು ಕಷ್ಟ ಇದ್ರೆ ಸಭೆ ಹೆಸರು ಹೇಳೋ ಬದ್ಲು ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮ ಬ್ಯಾಪ್ಟಿಸ್ಟ್ ಪಾಸ್ಟರ್ ಮದುವೆ ಮಾಡ್ಸಿದ್ರೆ ಸರ್ಕಾರಿ ಲೆಕ್ಕದಲ್ಲಿ ನಡೆಯುತ್ತಾ? ಮಗಳ ಮದುವೆ ಇದೆ, ಬೀಗರು ಕೇಳ್ತಿದ್ದಾರೆ.
— ಓದುಗರು, ಕೆ.ಆರ್. ಪುರ

ಉತ್ತರ: ಅವರ ಹತ್ರ ಲೈಸೆನ್ಸ್ ಇದ್ರೆ ನಡೆಯುತ್ತೆ. ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ 1872ರ ಪ್ರಕಾರ ಬಿಷಪ್‌ನಿಂದ ಅಭಿಷೇಕ ಆದ ಪಾದ್ರಿಗಳಿಗೆ ಬೇರೆ ಲೈಸೆನ್ಸ್ ಬೇಡ, ಬ್ಯಾಪ್ಟಿಸ್ಟ್ ಪಾಸ್ಟರ್‌ಗೆ ಬಿಷಪ್ ಇಲ್ಲವಲ್ಲ, ಹಾಗಾಗಿ ಆ ಕಾಯ್ದೆಯ ಕೆಳಗೆ ಸರ್ಕಾರ ಕೊಟ್ಟ ಲೈಸೆನ್ಸ್ ಇರ್ಬೇಕು. ಲೈಸೆನ್ಸ್ ಇಲ್ದೆ ಮಾಡಿಸೋದು ಅಪರಾಧ. ಎಷ್ಟು ದೊಡ್ಡ ಪ್ರಸಂಗಿ ಆದ್ರೂ ಅಷ್ಟೇ. ಕಾರ್ಡ್ ಪ್ರಿಂಟ್ ಮಾಡ್ಸೋ ಮೊದ್ಲೇ ಲೈಸೆನ್ಸ್ ಪ್ರತಿ ತೋರಿಸಿ ಅಂತ ಕೇಳಿ, ಒಳ್ಳೆ ಪಾಸ್ಟರ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ. ಇಲ್ಲಾಂದ್ರೆ ಲೈಸೆನ್ಸ್ ಇರೋ ಇನ್ನೊಬ್ಬ ಪಾಸ್ಟರನ್ನ ಕರೆಸಿ ಅವರು ಮದುವೆ ನಡೆಸ್ಲಿ, ನಿಮ್ಮವರು ಪ್ರಸಂಗ ಮಾಡ್ಲಿ. ನೋಟಿಸ್ ಮುಂಚೆನೇ ಬರೆದು ಕೊಡ್ಬೇಕು, ಪಾಸ್ಟರ್ ಅಲ್ಲದೆ ಇಬ್ರು ಸಾಕ್ಷಿ ಬೇಕು, ಹುಡುಗನಿಗೆ 21 ಹುಡುಗಿಗೆ 18 ಆಗಿರ್ಬೇಕು. ರಿಜಿಸ್ಟರಲ್ಲಿ ಸಹಿ ಆದ್ಮೇಲೆ ಸರ್ಟಿಫಿಕೇಟಲ್ಲಿ ಮಗಳ ಹೆಸರಿನ ಅಕ್ಷರ ಆಧಾರ್‌ನಲ್ಲಿ ಇದ್ದ ಹಾಗೇ ಇದೆಯಾ ಅಂತ ಅಲ್ಲೇ ನಿಂತು ನೋಡ್ಕೊಳ್ಳಿ, ಪಾಸ್‌ಪೋರ್ಟ್ ಮಾಡ್ಸೋವಾಗ ಬೇಕಾಗುತ್ತೆ.