14 ಇಂಚಿನ ವ್ಯಾನಿಗೆ 16 ಇಂಚಿನ ಅಲಾಯ್ ಚಕ್ರ: ಯಾವ ಟೈರು, ಎಷ್ಟು ಗಾಳಿ?

ನಿಮ್ಮ ಪ್ರಶ್ನೆಯಲ್ಲಿರುವ ವಿವರಗಳನ್ನು ಮೊದಲು ಒಂದೆಡೆ ಇಟ್ಟುಕೊಳ್ಳುತ್ತೇನೆ. ವ್ಯಾನಿನಲ್ಲಿ ಈಗ ಇರುವುದು 185 ಆರ್14, 8 ಪ್ಲೈ (ಒಡಲಿನ ಬಲದ ಅಂಕಿ), ಹೊರೆ ಸೂಚ್ಯಂಕ (ಟೈರು ಎಷ್ಟು ಹೊರಬಲ್ಲದೆಂಬ ಸಂಕೇತ) 102/100ರ ಟೈರುಗಳು. ವಾರದ ದಿನಗಳಲ್ಲಿ ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ಚೀಲ ಸಾಗಿಸುತ್ತೀರಿ, ಮದುವೆಯ ದಿನಗಳಲ್ಲಿ ಅಡುಗೆ ಪಾತ್ರೆ, ದಿನಸಿ ಮತ್ತು ಅಡುಗೆಯವರನ್ನು ಕರೆದೊಯ್ಯುತ್ತೀರಿ. 16 ಇಂಚಿನ ಅಲಾಯ್ ಚಕ್ರ ಹಾಕಿಸುವ ಆಸೆಯಿದೆ. ಅಂಗಡಿಯವರು 205/60 ಆರ್16 ಕಾರ್ ಟೈರು ಸರಿಯಾಗಿ ಕೂರುತ್ತದೆ, 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಸಾಕು ಎಂದಿದ್ದಾರೆ. ಅವರ ಮಾತನ್ನು ನಂಬಬಹುದೇ ಎಂಬುದು ನಿಮ್ಮ ಪ್ರಶ್ನೆ.

ಕೂರುತ್ತದೆ ಎಂಬುದು ನಿಜ, ಆದರೆ ನಿಮ್ಮ ಹೊರೆಯನ್ನು ಅದು ಹೊರುವುದಿಲ್ಲ. ನಿಮ್ಮ ಕೆಲಸಕ್ಕೆ ನಾನು ಸೂಚಿಸುವುದು 15 ಇಂಚಿನ ರಿಮ್ಮಿಗೆ 195/70 ಆರ್15 ಸಿ (‘ಸಿ’ ಎಂದರೆ ವ್ಯಾನ್ ಟೈರು), ಹೊರೆ ಸೂಚ್ಯಂಕ 104/102. 16 ಇಂಚೇ ಬೇಕೆಂದು ಮನೆಯಲ್ಲಿ ತೀರ್ಮಾನವಾಗಿದ್ದರೆ 195/65 ಆರ್16 ಸಿ, 104/102. ಕಾರಣವನ್ನು ಲೆಕ್ಕದ ಸಮೇತ ಹೇಳುತ್ತೇನೆ. ಟೈರಿನ ವಿಷಯದಲ್ಲಿ ಯಾರ ಮಾತನ್ನೂ, ನನ್ನದನ್ನೂ ಸೇರಿಸಿ, ಲೆಕ್ಕವಿಲ್ಲದೆ ಒಪ್ಪಬೇಕಾಗಿಲ್ಲ.

ಅಂಗಡಿಯವರು ನೋಡಿರುವುದು ಟೈರಿನ ಒಟ್ಟು ಎತ್ತರವನ್ನು. 205/60 ಆರ್16 ಎಂದರೆ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 60, ರಿಮ್ 16 ಇಂಚು. ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ, ಅದಕ್ಕೆ ಟೈರಿನ ಅಗಲದ ಶೇಕಡಾವಾರು ಎತ್ತರವನ್ನು ಎರಡು ಸಲ ಕೂಡಿಸಿದರೆ ಮಿಲಿಮೀಟರಿನಲ್ಲಿ ವ್ಯಾಸ ಸಿಗುತ್ತದೆ. ನಿಮ್ಮ ಹಳೆಯ ಟೈರಿನ ಮೇಲೆ ಶೇಕಡಾವಾರು ಅಂಕಿ ಇಲ್ಲದಿರುವುದು ಹಳೆಯ ಪದ್ಧತಿ. ಅಲ್ಲಿ ಸುಮಾರು 80 ಎಂದು ಹಿಡಿಯಬೇಕು, ಆಗ ವ್ಯಾಸ ಸುಮಾರು 650 ಮಿ.ಮೀ. ಆಗುತ್ತದೆ. 205/60 ಆರ್16 ಟೈರಿಗೆ ಇದೇ ಲೆಕ್ಕದಲ್ಲಿ 652 ಮಿ.ಮೀ. ಬರುತ್ತದೆ. ಮೀಟರ್ ತಪ್ಪು ತೋರಿಸುವುದಿಲ್ಲ, ಮಡ್‌ಗಾರ್ಡಿಗೆ ತಾಗುವುದಿಲ್ಲ, ನೋಡಲು ಅಂದವಾಗಿಯೂ ಇರುತ್ತದೆ. ಈ ಒಂದು ಹೊಂದಿಕೆಯೇ ಬಹಳ ಜನರನ್ನು ದಾರಿ ತಪ್ಪಿಸುತ್ತದೆ.

ಈಗ ಹೊರೆಯ ಅಂಕಿಗೆ ಬನ್ನಿ. 102/100 ಎಂದರೆ ಚಕ್ರ ಒಂಟಿಯಾಗಿದ್ದಾಗ ಒಂದು ಟೈರು 850 ಕೆ.ಜಿ., ಲಾರಿಯಂತೆ ಜೋಡಿಯಾಗಿದ್ದಾಗ ಪ್ರತಿಯೊಂದೂ 800 ಕೆ.ಜಿ. ಹೊರಬಲ್ಲದು ಎಂದರ್ಥ. ನಿಮ್ಮ ವ್ಯಾನಿನ ಹಿಂದೆ ಒಂಟಿ ಚಕ್ರವಾದ್ದರಿಂದ 850 ಅನ್ವಯಿಸುತ್ತದೆ. 205/60 ಆರ್16 ಅಳತೆಯ ಸಾಮಾನ್ಯ ಕಾರ್ ಟೈರಿನ ಸೂಚ್ಯಂಕ 92, ಎಂದರೆ 630 ಕೆ.ಜಿ. ಎಕ್ಸ್‌ಎಲ್ ಎಂದು ಬರೆದಿರುವ ಗಟ್ಟಿ ಮಾದರಿಯಲ್ಲಿ 96 ಸಿಗಬಹುದು, ಅದೂ 710 ಕೆ.ಜಿ. ಮಾತ್ರ. ಸಾಲದೆಂಬಂತೆ, ಕಾರ್ ಟೈರನ್ನು ವ್ಯಾನು ಅಥವಾ ಹಗುರ ಟ್ರಕ್ಕಿಗೆ ಹಾಕುವಾಗ ಅದರ ಹೊರೆಯ ಅಂಕಿಯನ್ನು 1.1ರಿಂದ ಭಾಗಿಸಬೇಕೆಂಬ ನಿಯಮವನ್ನು ಅಮೆರಿಕದಲ್ಲಿ ಬಹಳ ಕಾಲದಿಂದ ಪಾಲಿಸುತ್ತಾರೆ, ಏಕೆಂದರೆ ವ್ಯಾನು ಓಲಾಡುವುದು ಹೆಚ್ಚು ಮತ್ತು ಹೊರೆ ಒಂದೇ ಕಡೆ ವಾಲುವುದೂ ಹೆಚ್ಚು. ಆ ಲೆಕ್ಕದಲ್ಲಿ 630 ಕೆ.ಜಿ. ಇದ್ದದ್ದು 573 ಕೆ.ಜಿ.ಗೆ ಇಳಿಯುತ್ತದೆ. ಹಿಂದಿನ ಎರಡೂ ಟೈರು ಸೇರಿ 1,700 ಕೆ.ಜಿ. ಹೊರುತ್ತಿದ್ದ ಜಾಗದಲ್ಲಿ 1,146 ಕೆ.ಜಿ. ಉಳಿಯುತ್ತದೆ. ಮಂಡಕ್ಕಿಗೆ ಇದು ಧಾರಾಳವಾಗಿ ಸಾಕು; ಚಾವಣಿಯವರೆಗೆ ಮಂಡಕ್ಕಿ ತುಂಬಿದರೂ ವ್ಯಾನಿನ ಪಟ್ಟಾ ಬಗ್ಗುವುದಿಲ್ಲ. ಅದೇ ಜಾಗದಲ್ಲಿ ಅರ್ಧ ಎತ್ತರಕ್ಕೆ ಅಕ್ಕಿ ಮೂಟೆ, ಹಿತ್ತಾಳೆ ಕೊಪ್ಪರಿಗೆ, ಗ್ಯಾಸ್ ಸಿಲಿಂಡರು ಹೇರಿ, ಮೇಲೆ ಆರು ಜನ ಕುಳಿತು ಏಪ್ರಿಲ್ ತಿಂಗಳ ಮಧ್ಯಾಹ್ನ ಹೆದ್ದಾರಿಗೆ ಇಳಿದರೆ ಮಾತು ಬೇರೆ.

35ಕ್ಕೆ ಬದಲು 50 ಗಾಳಿ ಹೊಡೆಸಿ ಕಾರ್ ಟೈರಿನಿಂದಲೇ ಹೆಚ್ಚು ಹೊರಿಸಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಸಾಧ್ಯವಿಲ್ಲ. ಸಾಮಾನ್ಯ ಕಾರ್ ಟೈರು ತನ್ನ ಗರಿಷ್ಠ ಹೊರೆಯನ್ನು ಸುಮಾರು 36 ಪಿಎಸ್‌ಐ ಒತ್ತಡದಲ್ಲಿಯೇ ಮುಟ್ಟುತ್ತದೆ, ಎಕ್ಸ್‌ಎಲ್ ಮಾದರಿ ಸುಮಾರು 42ರಲ್ಲಿ. ಪಕ್ಕದಲ್ಲಿ 44 ಅಥವಾ 51 ಎಂದು ಅಚ್ಚಾಗಿದ್ದರೆ ಅದು ಗಾಳಿಯ ಮಿತಿ. ಅಷ್ಟು ತುಂಬಿದ ಮಾತ್ರಕ್ಕೆ ಹೊರುವ ಶಕ್ತಿ ಏರುವುದಿಲ್ಲ. ಗಾತ್ರದ ಕೊನೆಯಲ್ಲಿ ‘ಸಿ’ ಎಂದೋ ನಮ್ಮ ದೇಶದ ಕೆಲವು ಟೈರುಗಳಲ್ಲಿ ‘ಎಲ್‌ಟಿ’ ಎಂದೋ ಬರೆದಿರುವ ವ್ಯಾನ್ ಟೈರುಗಳ ಒಡಲು ಹೆಚ್ಚಿನ ಒತ್ತಡಕ್ಕೆಂದೇ ಕಟ್ಟಿದ್ದಾಗಿರುತ್ತದೆ, 8 ಪ್ಲೈ ಮಾದರಿಗಳು 65 ಪಿಎಸ್‌ಐ ಆಸುಪಾಸಿನಲ್ಲಿ ತಮ್ಮ ಪೂರ್ಣ ಹೊರೆ ಹೊರುತ್ತವೆ. ಆದ್ದರಿಂದ ನೀವು ಅಂಗಡಿಯಲ್ಲಿ ಮೊದಲು ಕೇಳಬೇಕಾದ ಮಾತು ‘ಸಿ ಟೈರು ಇದೆಯೇ, ಸೂಚ್ಯಂಕ 102ಕ್ಕೆ ಕಡಿಮೆ ಇಲ್ಲ ತಾನೇ’ ಎಂಬುದು. ಅಗಲ, ಎತ್ತರ, ಬ್ರಾಂಡು ಎಲ್ಲವೂ ಆಮೇಲೆ.

ಈ ಜರಡಿಯಲ್ಲಿ ಹಾಯಿಸಿದರೆ ಉಳಿಯುವ ಗಾತ್ರಗಳು ಕೆಲವೇ. 195/70 ಆರ್15 ಸಿ ಟೈರಿನ ವ್ಯಾಸ 654 ಮಿ.ಮೀ., ಹಳೆಯದಕ್ಕಿಂತ ಶೇ. 0.6 ಮಾತ್ರ ಹೆಚ್ಚು, ಹೊರೆ 900 ಕೆ.ಜಿ. 195/65 ಆರ್16 ಸಿ ಟೈರಿನದು 660 ಮಿ.ಮೀ., ಶೇ. 1.5ರಷ್ಟು ಹೆಚ್ಚು, ಹೊರೆ ಅದೇ 900. 195/60 ಆರ್16 ಸಿ ವ್ಯಾಸದಲ್ಲಿ ಹೊಂದುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಸಿಗುವ ಸೂಚ್ಯಂಕ 99, ಎಂದರೆ 775 ಕೆ.ಜಿ.; ಮೂಲ ಟೈರಿಗಿಂತ ಕಡಿಮೆಯಾದ್ದರಿಂದ ಬೇಡ. 205/65 ಆರ್16 ಸಿ ಬಲಶಾಲಿಯೇ, 107 ಎಂದರೆ 975 ಕೆ.ಜಿ. ಹೊರುತ್ತದೆ, ಆದರೆ ವ್ಯಾಸ 673 ಮಿ.ಮೀ. ಆಗಿ ಶೇ. 3.5ರಷ್ಟು ಎತ್ತರವಾಗುತ್ತದೆ. ಅಷ್ಟಾದರೆ ಮೀಟರ್ 80 ತೋರಿಸುವಾಗ ವ್ಯಾನು ಮೊದಲಿಗಿಂತ ಸುಮಾರು 3 ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತದೆ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುವ ಸಂಭವವಿರುತ್ತದೆ, ಗೇರು ಎತ್ತರವಾದಂತಾಗಿ ಹುಲಿಕಲ್ ಘಾಟಿಯಂಥ ಏರಿನಲ್ಲಿ ಹೊರೆ ಹೊತ್ತಾಗ ಕ್ಲಚ್ಚಿನ ಮೇಲೆ ಭಾರ ಬೀಳುತ್ತದೆ.

15 ಇಂಚನ್ನು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಟೈರಿನ ಪಕ್ಕದ ಗೋಡೆ. ಈಗ ನಿಮಗೆ ಸುಮಾರು 147 ಮಿ.ಮೀ. ಗೋಡೆ ಇದೆ. 15 ಇಂಚಿನ ಗಾತ್ರದಲ್ಲಿ 136 ಉಳಿಯುತ್ತದೆ, 16ರಲ್ಲಿ 127. ಹೆದ್ದಾರಿಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಮದುವೆಗಳು ಹೆದ್ದಾರಿಯ ಮೇಲೆ ನಡೆಯುವುದಿಲ್ಲ. ಮಳೆಗಾಲ ಕಳೆದ ಮೇಲೆ ಚನ್ನಗಿರಿ, ಜಗಳೂರು ಕಡೆಯ ಹಳ್ಳಿ ರಸ್ತೆಗಳಲ್ಲಿ ಹೊರೆ ಹೊತ್ತ ವ್ಯಾನು ಗುಂಡಿಗೆ ಬಿದ್ದಾಗ ರಿಮ್ಮಿನ ಅಂಚನ್ನು ಕಾಪಾಡುವುದು ಆ ಗೋಡೆಯೊಂದೇ. ಉಕ್ಕಿನ ರಿಮ್ ಬಗ್ಗಿದರೆ ಬಡಿದು ನೆಟ್ಟಗೆ ಮಾಡುವವರಿದ್ದಾರೆ. ಅಲಾಯ್ ಸೀಳಿದರೆ ಮುಗಿಯಿತು.

ರಿಮ್ ಆರಿಸುವಾಗಲೂ ಹೊರೆಯೇ ಮೊದಲ ಪರೀಕ್ಷೆ. ಅಲಾಯ್ ಚಕ್ರದ ಒಳಬದಿಯಲ್ಲಿ ಅದು ಎಷ್ಟು ಕೆ.ಜಿ. ತಾಳುತ್ತದೆಂದು ಅಚ್ಚಾಗಿರುತ್ತದೆ. ಕಾರಿಗೆಂದು ಮಾಡಿದ ಚಕ್ರದಲ್ಲಿ 600ರ ಆಸುಪಾಸಿನ ಅಂಕಿ ಇದ್ದರೆ, ಅದಕ್ಕೆ 900 ಕೆ.ಜಿ.ಯ ಟೈರು ಹಾಕಿ ಪ್ರಯೋಜನವಿಲ್ಲ. ಬೋಲ್ಟುಗಳ ವೃತ್ತ, ನಡುವಿನ ರಂಧ್ರ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಅದು ಬಿಗಿಯುವ ಮುಖಕ್ಕಿರುವ ದೂರ) ಮೂರೂ ನಿಮ್ಮ ವ್ಯಾನಿನ ಹಬ್ಬಿಗೆ, ಎಂದರೆ ಚಕ್ರ ಬಿಗಿಯುವ ಭಾಗಕ್ಕೆ, ಹೊಂದಬೇಕು. ಆಫ್‌ಸೆಟ್ ಬದಲಿಸದೆ ರಿಮ್ಮನ್ನು ಒಂದು ಇಂಚು ಅಗಲ ಮಾಡಿದರೆ ಅದು ಒಳಗೂ ಹೊರಗೂ 12.7 ಮಿ.ಮೀ. ಚಾಚುತ್ತದೆ. ಹೊರಗೆ ಹೆಚ್ಚು ಚಾಚಿದಷ್ಟೂ ಬೇರಿಂಗಿಗೆ ಆಯುಷ್ಯ ಕಡಿಮೆ. 195ರ ಅಗಲಕ್ಕೆ 6 ಇಂಚಿನ ರಿಮ್ ತಕ್ಕದ್ದು. ಗಾಳಿ ತುಂಬುವ ವಾಲ್ವ್ ಸಣ್ಣ ವಸ್ತುವೆಂದು ಬಿಡಬೇಡಿ: ಕಾರುಗಳಿಗೆ ಹಾಕುವ ಸಾಮಾನ್ಯ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ. ನಟ್ಟು ಬಿಗಿಯುವ ಲೋಹದ ವಾಲ್ವನ್ನೇ ಕೇಳಿ ಹಾಕಿಸಿ.

ಇನ್ನು ಗಾಳಿ. ಹೊಸ ಗಾತ್ರಕ್ಕೆ ಎಷ್ಟು ಗಾಳಿ ಎಂಬುದು ಟೈರಿನ ಮೇಲೆ ಬರೆದಿರುವುದಿಲ್ಲ, ವ್ಯಾನಿನ ಬಾಗಿಲ ಬಳಿಯ ಚೀಟಿಯಲ್ಲಿ ಇರುವುದು ಹಳೆಯ ಗಾತ್ರದ ಲೆಕ್ಕ. ನಡುವಿನ ದಾರಿ ತೂಕ ಮಾಡಿಸುವುದು. ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಮೆಕ್ಕೆಜೋಳದ ಲಾರಿಗಳು ಬರುವ ಊರಿನಲ್ಲಿ ವೇಬ್ರಿಡ್ಜಿಗೆ ಕೊರತೆಯಿಲ್ಲ. ಮದುವೆಗೆ ಹೊರಡುವ ದಿನ, ಪಾತ್ರೆ, ದಿನಸಿ, ಜನ, ಡೀಸೆಲ್ ಎಲ್ಲವೂ ಇರುವಾಗ, ಮೊದಲು ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ, ಆಮೇಲೆ ಇಡೀ ವ್ಯಾನನ್ನು, ಕೊನೆಗೆ ಹಿಂದಿನ ಚಕ್ರಗಳನ್ನು ಮಾತ್ರ ತೂಗಿಸಿ. ಎರಡು ಬಿಡಿ ತೂಕಗಳ ಮೊತ್ತ ಒಟ್ಟು ತೂಕಕ್ಕೆ ಹತ್ತಿರ ಬಂದರೆ ಲೆಕ್ಕ ಸರಿ. ತಟ್ಟೆಯ ಹೊರಗಿನ ನೆಲವೂ ಅದೇ ಮಟ್ಟದಲ್ಲಿರಬೇಕು, ಇಲ್ಲದಿದ್ದರೆ ತೂಕ ಒಂದು ಕಡೆಗೆ ಜಾರುತ್ತದೆ.

ಉದಾಹರಣೆಗೆ ಮುಂದೆ 1,000 ಕೆ.ಜಿ., ಹಿಂದೆ 1,260 ಕೆ.ಜಿ. ಬಂತೆಂದು ಹಿಡಿಯೋಣ. ಹಿಂದಿನ ಒಂದು ಟೈರಿಗೆ 630 ಕೆ.ಜಿ.; ಹೊರೆ ಎಡಬಲಕ್ಕೆ ಎಂದೂ ಸಮನಾಗಿರುವುದಿಲ್ಲವಾದ್ದರಿಂದ ಶೇ. 10 ಸೇರಿಸಿ 693 ಎಂದುಕೊಳ್ಳಿ. ಟೈರು 65 ಪಿಎಸ್‌ಐನಲ್ಲಿ 900 ಕೆ.ಜಿ. ಹೊರುವುದಾದರೆ 693ನ್ನು 900ರಿಂದ ಭಾಗಿಸಿ 65ರಿಂದ ಗುಣಿಸಿದಾಗ 50 ಪಿಎಸ್‌ಐ ಬರುತ್ತದೆ. ಮುಂದಿನದಕ್ಕೆ ಇದೇ ರೀತಿ ಮಾಡಿದರೆ 40. ವಾಸ್ತವದಲ್ಲಿ ಒತ್ತಡ ಇಳಿದಷ್ಟೇ ವೇಗದಲ್ಲಿ ಹೊರುವ ಶಕ್ತಿ ಇಳಿಯುವುದಿಲ್ಲ, ಆದ್ದರಿಂದ ಈ ನೇರ ಅನುಪಾತ ಅಗತ್ಯಕ್ಕಿಂತ ತುಸು ಹೆಚ್ಚನ್ನೇ ತೋರಿಸುತ್ತದೆ. ಗಾಳಿಯ ವಿಷಯದಲ್ಲಿ ಆ ಕಡೆಗೆ ವಾಲುವುದೇ ಕ್ಷೇಮ. 65 ಎಂಬ ಅಂಕಿಯನ್ನು ಕಣ್ಣುಮುಚ್ಚಿ ಬಳಸಬೇಡಿ. ನೀವು ಕೊಂಡ ಟೈರಿನ ಪಕ್ಕದಲ್ಲಿ ಗರಿಷ್ಠ ಹೊರೆಯ ಜೊತೆಗೆ ಅಚ್ಚಾಗಿರುವ ಒತ್ತಡವನ್ನು ಓದಿ ಈ ಲೆಕ್ಕದಲ್ಲಿ 65ರ ಜಾಗಕ್ಕೆ ಅದನ್ನೇ ಹಾಕಿ, ಏಕೆಂದರೆ 16 ಇಂಚಿನ ಕೆಲವು ಗಾತ್ರಗಳಲ್ಲಿ ಅದು 65ಕ್ಕಿಂತ ಹೆಚ್ಚಿರುತ್ತದೆ.

ಮಂಡಕ್ಕಿಯ ದಿನ ಇದೇ ಲೆಕ್ಕ ಹಿಂದಿನ ಟೈರಿಗೆ 30ರ ಸುತ್ತ ಬರಬಹುದು. ಅಷ್ಟಕ್ಕೆ ಇಳಿಸಬೇಡಿ. ಚೀಟಿಯಲ್ಲಿ ಖಾಲಿ ವಾಹನಕ್ಕೆ ಸೂಚಿಸಿದ ಒತ್ತಡಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ, ಹಿಂದೆ 42ರಷ್ಟಿಟ್ಟರೆ ವಾರದ ಕೆಲಸಕ್ಕೆ ಸರಿಹೋಗುತ್ತದೆ, ಮದುವೆಯ ಹಿಂದಿನ ಸಂಜೆ 50ಕ್ಕೆ ಏರಿಸಿದರಾಯಿತು. ಸದಾ 60 ಇಟ್ಟುಕೊಂಡು ಓಡಿಸುವವರೂ ಇದ್ದಾರೆ. ಖಾಲಿ ವ್ಯಾನಿನ ಹಿಂಭಾಗ ಆಗ ಗಟ್ಟಿಯಾಗಿ ಕುಪ್ಪಳಿಸುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗುತ್ತದೆ, ಟೈರಿನ ನಡುಭಾಗ ಬೇಗ ಸವೆಯುತ್ತದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಾಗಿದೆ ಎಂದರ್ಥ.

ಒತ್ತಡವನ್ನು ಬೆಳಗ್ಗೆ, ವ್ಯಾನು ಓಡುವ ಮೊದಲೇ ನೋಡಬೇಕು. 50 ಪಿಎಸ್‌ಐ ಇರುವ ಟೈರಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ 2 ಪಿಎಸ್‌ಐಗಿಂತ ಸ್ವಲ್ಪ ಹೆಚ್ಚೇ ಏರುತ್ತದೆ. ಬೇಸಿಗೆಯಲ್ಲಿ ಹಿರಿಯೂರಿನಿಂದ ಚಿತ್ರದುರ್ಗದವರೆಗೆ ಒಂದೇ ಓಟದಲ್ಲಿ ಬಂದು ಬಂಕಿನಲ್ಲಿ ನೋಡಿದರೆ 56, 57 ಕಾಣಬಹುದು. ಅದನ್ನು ಕಂಡು ಗಾಳಿ ಬಿಟ್ಟರೆ ಮರುದಿನ ತಣ್ಣಗಿನ ಟೈರಿನಲ್ಲಿ ಕೊರತೆಯಾಗುತ್ತದೆ, ಕೊರತೆಯ ಟೈರು ಹೆಚ್ಚು ಬಾಗಿ ಇನ್ನಷ್ಟು ಬಿಸಿಯಾಗುತ್ತದೆ. ಟೈರು ಒಡೆಯುವುದು ಬಹುಪಾಲು ಈ ದಾರಿಯಲ್ಲೇ. ನೈಟ್ರೋಜನ್ ತುಂಬಿಸಬೇಕೇ ಎಂಬ ಪ್ರಶ್ನೆಗೆ ಹೆಚ್ಚು ಹೇಳುವುದಿಲ್ಲ: ಸಾಮಾನ್ಯ ಗಾಳಿಯಲ್ಲೇ ಶೇ. 78 ಅದೇ ಇದೆ. ಆ ಹಣಕ್ಕೆ ಒಂದು ಒಳ್ಳೆಯ ಗೇಜು ಕೊಂಡು ವ್ಯಾನಿನಲ್ಲಿಡಿ.

ಕಾನೂನಿನ ಮಾತನ್ನೂ ಸೇರಿಸಬೇಕು. ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಕಲಂ ವಾಹನವನ್ನು ತಯಾರಕರು ಮೂಲತಃ ಸೂಚಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ನಿಮ್ಮ ವ್ಯಾನಿನ ಬೇರೆ ಮಾದರಿಗಳಿಗೆ ತಯಾರಕರೇ 15 ಇಂಚಿನ ಚಕ್ರ ಕೊಟ್ಟಿದ್ದರೆ ಅದೇ ಗಾತ್ರವನ್ನು ಆರಿಸುವುದು ಎಲ್ಲಕ್ಕಿಂತ ಸುಲಭ. ಹಣ ಕೊಡುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ಬರಹದಲ್ಲಿ ತಿಳಿಸಿ. ಟೈರು 900 ಕೆ.ಜಿ.ಯದಾಯಿತೆಂದು ವ್ಯಾನಿನ ನೋಂದಾಯಿತ ಹೊರೆ ಒಂದು ಕೆ.ಜಿ.ಯೂ ಹೆಚ್ಚುವುದಿಲ್ಲ ಎಂಬುದನ್ನು ಮದುವೆ ಮನೆಯವರಿಗೂ ಹೇಳಿಬಿಡಿ.

ಹಾಕಿಸಿದ ಮೇಲೆ ಮೊದಲ 50ರಿಂದ 100 ಕಿಲೋಮೀಟರಿನೊಳಗೆ, ಎಂದರೆ ದಾವಣಗೆರೆಯಿಂದ ಹೊರಟವರು ಚಿತ್ರದುರ್ಗ ಮುಟ್ಟುವಷ್ಟರಲ್ಲಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ. ಹಳೆಯ 14 ಇಂಚಿನ ಉಕ್ಕಿನ ಚಕ್ರವೊಂದನ್ನು ಸ್ಟೆಪ್ನಿಯಾಗಿ ಇಟ್ಟುಕೊಳ್ಳಬಹುದು. 15 ಇಂಚಿನ ಹೊಸ ಟೈರಿಗೂ ಅದಕ್ಕೂ ವ್ಯಾಸದಲ್ಲಿ 4 ಮಿ.ಮೀ. ಮಾತ್ರ ವ್ಯತ್ಯಾಸವಿರುವುದರಿಂದ ಪಂಕ್ಚರ್ ಅಂಗಡಿಯವರೆಗೆ ತೊಂದರೆಯಿಲ್ಲದೆ ಹೋಗಬಹುದು. ಆದರೆ ಅಲಾಯ್ ಚಕ್ರದ ನಟ್ಟು ಉಕ್ಕಿನ ಚಕ್ರದಲ್ಲಿ ಸರಿಯಾಗಿ ಕೂರದೇ ಇರಬಹುದು, ಆದ್ದರಿಂದ ಹಳೆಯ ನಟ್ಟುಗಳ ಒಂದು ಸೆಟ್ಟನ್ನು ಜಾಕಿನ ಜೊತೆಯಲ್ಲೇ ಚೀಲದಲ್ಲಿ ಕಟ್ಟಿಡಿ.