ಹೈಬ್ರಿಡ್ ಕಾರಿನಿಂದ ಪರಿಸರಕ್ಕೆ ನಿಜವಾಗಿಯೂ ಲಾಭ ಇದೆಯಾ?

ಪೆಟ್ರೋಲ್ ಕಾರಿನ ಬದಲು ಹೈಬ್ರಿಡ್ ಕೊಂಡರೆ ಪರಿಸರಕ್ಕೆ ಒಳ್ಳೆಯದಾ, ಅಥವಾ ಬ್ಯಾಟರಿಯಿಂದ ಆಗುವ ಹಾನಿಯೇ ಜಾಸ್ತಿಯಾ ಅಂತ ಕೇಳಿದ್ದೀರಿ. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಎಲೆಕ್ಟ್ರಿಕ್ ಮೋಟಾರ್, ಬ್ಯಾಟರಿ ಕೂಡ ಇರುವ ಕಾರು. ನಾನೂ ಅದನ್ನೇ ಓಡಿಸುತ್ತೇನೆ. ಲಾಭ ಖಂಡಿತ ಇದೆ. ಆದರೆ ಎಷ್ಟು ಅನ್ನೋದು ಕಾರಿಗಿಂತ ಹೆಚ್ಚಾಗಿ ನಿಮ್ಮ ಓಡಾಟದ ಮೇಲೆ ನಿಂತಿದೆ.

ಸಿಗ್ನಲ್, ಟ್ರಾಫಿಕ್ ಇರುವ ಕಡೆ ಹೈಬ್ರಿಡ್‌ಗೆ ಸಾಟಿ ಇಲ್ಲ. ನಿಂತಾಗ ಎಂಜಿನ್ ಆಫ್ ಆಗುತ್ತದೆ. ನಿಧಾನವಾಗಿ ಮುಂದೆ ಸರಿಯುವಾಗ ಮೋಟಾರೇ ಸಾಕು. ಬ್ರೇಕ್ ಪೆಡಲ್ ಮೆಲ್ಲಗೆ ಒತ್ತಿದರೆ ಅದೇ ಮೋಟಾರ್ ಜನರೇಟರ್ ಆಗಿ ತಿರುಗಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಅದು ಕಾಣಿಸುತ್ತದೆ. ಗಟ್ಟಿಯಾಗಿ ಒತ್ತಿದರೆ ಮೋಟಾರಿಗೆ ಅಷ್ಟೂ ಶಕ್ತಿ ಹಿಡಿಯಲು ಆಗುವುದಿಲ್ಲ, ಉಳಿದದ್ದು ಮಾಮೂಲಿ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಉದ್ದನೆಯ ಘಾಟಿ ಇಳಿಯುವಾಗಲೂ ಹಾಗೇ. ಅರ್ಧ ದಾರಿಗೇ ಬ್ಯಾಟರಿ ತುಂಬಿರುತ್ತದೆ, ಆಮೇಲೆ ಇಳಿದದ್ದೆಲ್ಲ ವ್ಯರ್ಥ. ಇನ್ನು ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಬ್ರೇಕ್ ಹಾಕುವ ಕೆಲಸವೇ ಕಡಿಮೆ, ಹಾಗಾಗಿ ಉಳಿತಾಯವೂ ಕಡಿಮೆ.

ಒಂದು ಅಂದಾಜಿನ ಲೆಕ್ಕ ಹಾಕೋಣ. ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್, ಹೈಬ್ರಿಡ್ 22 ಕೊಡುತ್ತದೆ ಅಂದುಕೊಳ್ಳಿ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸಿದರೆ 800 ಲೀಟರ್ ಹೋಗುವ ಕಡೆ 545 ಲೀಟರ್ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅಂದರೆ ವರ್ಷಕ್ಕೆ 590 ಕಿಲೋ ಹತ್ತಿರ ಉಳಿಯಿತು. ಸಣ್ಣದೇನಲ್ಲ. ಆದರೂ 1,250 ಕಿಲೋ ಗಾಳಿಗೆ ಹೋಗುತ್ತಲೇ ಇದೆ, ಅಲ್ವಾ? ಎಷ್ಟೇ ಆದರೂ ಇದು ಪೆಟ್ರೋಲ್ ಕುಡಿಯುವ ಕಾರೇ.

ಬ್ಯಾಟರಿ ಬಗ್ಗೆ ಜನ ಸುಮ್ನೆ ಹೆದರುತ್ತಾರೆ ಅನಿಸುತ್ತದೆ. ಚಾರ್ಜರ್ ಬೇಡದ ಮಾಮೂಲಿ ಹೈಬ್ರಿಡ್‌ನಲ್ಲಿ ಇರುವುದು ಒಂದು, ಒಂದೂವರೆ ಕಿಲೋವ್ಯಾಟ್ ಅವರ್‌ನಷ್ಟು ಪುಟ್ಟ ಬ್ಯಾಟರಿ. ಪೂರ್ತಿ ಎಲೆಕ್ಟ್ರಿಕ್ ಕಾರಿನಲ್ಲಿ 50, 60 ಇರುವುದು ಮಾಮೂಲು. ನಿಕಲ್, ಲಿಥಿಯಂ, ಮೋಟಾರಿನ ಅಯಸ್ಕಾಂತಕ್ಕೆ ನಿಯೋಡಿಮಿಯಂ ಇವುಗಳ ಗಣಿಗಾರಿಕೆಯಿಂದ ನೀರು, ನೆಲ ಹಾಳಾಗುವುದು ನಿಜ. ಆದರೆ ಇಷ್ಟು ಚಿಕ್ಕ ಬ್ಯಾಟರಿಯ ಪಾಲು ಉಳಿಯುವ ಪೆಟ್ರೋಲಿನ ಮುಂದೆ ದೊಡ್ಡದಲ್ಲ. 1997ರಲ್ಲಿ ಜಪಾನಿನಲ್ಲಿ ಟೊಯೋಟಾ ಪ್ರಿಯಸ್ ಮಾರಾಟಕ್ಕೆ ಬಂದಾಗಿನಿಂದ ಈ ತಂತ್ರ ರಸ್ತೆಯಲ್ಲಿ ಪಳಗಿದೆ.

ನನ್ನ ತಕರಾರು ಇರುವುದು ಪ್ಲಗ್-ಇನ್ ಹೈಬ್ರಿಡ್, ಅಂದರೆ ಹೊರಗಿನಿಂದ ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಬಗ್ಗೆ. ದೊಡ್ಡ ಬ್ಯಾಟರಿ, ಜಾಸ್ತಿ ತೂಕ, ಜೊತೆಗೆ ಎಂಜಿನ್ ಬೇರೆ. ದಿನಾ ಚಾರ್ಜ್ ಮಾಡಿದರೆ ಪೇಟೆಯೊಳಗಿನ ಓಡಾಟ ಹನಿ ಪೆಟ್ರೋಲ್ ಇಲ್ಲದೆ ಮುಗಿಯುತ್ತದೆ. ಮಾಡದಿದ್ದರೆ ಆ ಭಾರವನ್ನೆಲ್ಲ ಪೆಟ್ರೋಲೇ ಎಳೆಯಬೇಕು. ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ರಸ್ತೆಯಲ್ಲಿರುವ ಕಾರುಗಳಿಂದಲೇ ಇಂಧನದ ಲೆಕ್ಕ ತೆಗೆದು 2024ರಲ್ಲಿ ವರದಿ ಕೊಟ್ಟಿತು. ಪ್ಲಗ್-ಇನ್ ಕಾರುಗಳು ಬಿಡುವ ಕಾರ್ಬನ್ ಡೈಆಕ್ಸೈಡ್ ಲ್ಯಾಬ್ ಪರೀಕ್ಷೆಯಲ್ಲಿ ತೋರಿಸಿದ್ದಕ್ಕಿಂತ ಸರಾಸರಿ ಮೂರೂವರೆ ಪಟ್ಟು ಇತ್ತು. ಮನೆಯಲ್ಲಿ ಚಾರ್ಜ್ ಮಾಡಲು ಜಾಗ ಇಲ್ಲದವರು ಇದರ ಸಹವಾಸಕ್ಕೇ ಹೋಗಬೇಡಿ.

'ಮೈಲ್ಡ್ ಹೈಬ್ರಿಡ್' ಅಂತ ಬರೆದಿರುವ ಕಾರುಗಳ ಬಗ್ಗೆಯೂ ಎಚ್ಚರ. ಅದರ ಮೋಟಾರ್ ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೇ. ಸಾಮಾನ್ಯವಾಗಿ ಒಂಟಿಯಾಗಿ ಕಾರನ್ನು ಎಳೆಯುವುದಿಲ್ಲ. ಉಳಿತಾಯವೂ ಅಷ್ಟಕ್ಕಷ್ಟೇ.

ಇನ್ನೊಂದು ವಿಷಯ. ಈಗಿರುವ ಕಾರು ಚೆನ್ನಾಗಿದ್ದು, ವರ್ಷಕ್ಕೆ ಮೂರು ಸಾವಿರ ಕಿಲೋಮೀಟರೂ ಓಡದಿದ್ದರೆ ಪರಿಸರದ ಹೆಸರಿನಲ್ಲಿ ಅದನ್ನು ಬದಲಾಯಿಸಬೇಡಿ. ಮೇಲಿನ ಲೆಕ್ಕದ ಪ್ರಕಾರ ವರ್ಷಕ್ಕೆ ಉಳಿಯುವುದು 150 ಕಿಲೋ ಒಳಗೆ. ಹೊಸ ಕಾರು ತಯಾರಾಗುವಾಗಲೇ ಹಲವು ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಅದು ಸರಿದೂಗುವ ಹೊತ್ತಿಗೆ ಆ ಹೊಸ ಕಾರೂ ಗುಜರಿ ಸೇರಿರುತ್ತದೆ.