ಆರೋಗ್ಯದ ಕಾನೂನಿಗೆ ಸ್ವಪಕ್ಷದವರೇ ಅಡ್ಡ ನಿಲ್ಲುವುದೇಕೆ?

ಆಳುವ ಪಕ್ಷದೊಳಗಿನ ಒಡಕು ಮತ್ತು ಆಸ್ಪತ್ರೆ, ವಿಮೆಗಳ ಕಾನೂನು ಕುರಿತು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಉತ್ತರಗಳು.

ಪ್ರಶ್ನೆ: ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ‘ಒಬಾಮಾ ಕೇರ್’ ಮಾತು ಬಂದಾಗಲೆಲ್ಲ, ಅದರ ಕೈಕಾಲು ಕತ್ತರಿಸಿದ್ದು ಒಬಾಮಾ ಕಡೆಯವರೇ ಅಂತ ಅಳಿಯಂದಿರು ಹೇಳುತ್ತಾರೆ. ಬಹುಮತ ಇದ್ದ ಪಕ್ಷದಲ್ಲಿ ಹಾಗಾಗೋದು ಹೇಗೆ? — ಮೂಡಿಗೆರೆಯ ಓದುಗರು

ಉತ್ತರ: ಅಳಿಯಂದಿರ ಮಾತಿನಲ್ಲಿ ಹುರುಳಿದೆ. 2009ರ ನವೆಂಬರ್ 7ರಂದು ಅಮೆರಿಕದ ಕೆಳಮನೆಯಲ್ಲಿ ಈ ಆರೋಗ್ಯ ವಿಮೆ ಮಸೂದೆಗೆ (ಜನರ ಬಾಯಲ್ಲಿ ‘ಒಬಾಮಾ ಕೇರ್’) ಬಂದ ಮತ 220, ಎದುರಿಗೆ 215. ಬೇಡವೆಂದವರಲ್ಲಿ 39 ಮಂದಿ ಒಬಾಮಾ ಅವರ ಡೆಮಾಕ್ರಟಿಕ್ ಪಕ್ಷದವರೇ. ಅಷ್ಟು ಜನ ಕೈಕೊಟ್ಟರೂ ಮಸೂದೆ ಪಾಸಾಯಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಒಬ್ಬರೇ ಒಬ್ಬರು ಒಲ್ಲೆ ಎಂದಿದ್ದಕ್ಕೆ ಮಸೂದೆಯ ದೊಡ್ಡ ಭಾಗವೇ ಬಿದ್ದುಹೋಯಿತು. ಎಷ್ಟು ಜನ ಮುನಿಸಿಕೊಂಡರು ಎಂದು ಎಣಿಸಿದರೆ ಇದು ಅರ್ಥವಾಗುವುದಿಲ್ಲ. ಎಷ್ಟು ಜನರವರೆಗೆ ಮುನಿಸಿಕೊಂಡರೂ ಮಸೂದೆ ಉಳಿಯುತ್ತಿತ್ತು ಎಂಬ ಲೆಕ್ಕ ಹಾಕಬೇಕು.

ಕೆಳಮನೆಯ ಜಗಳ ಮುಖ್ಯವಾಗಿ ದರದ್ದು. ಖಾಸಗಿ ಕಂಪನಿಗಳ ಪಕ್ಕದಲ್ಲಿ ಸರ್ಕಾರದ್ದೂ ಒಂದು ವಿಮೆ ಇರಲಿ ಎಂಬುದು ಯೋಜನೆ. ಆ ವಿಮೆ ಆಸ್ಪತ್ರೆಗೆ ಎಷ್ಟು ಕೊಡಬೇಕು? ಪಕ್ಷದ ಎಡಪಂಥೀಯರು, ವೃದ್ಧರ ‘ಮೆಡಿಕೇರ್’ ಯೋಜನೆಯ ದರಕ್ಕೇ ಕಟ್ಟಿಹಾಕಿ, ಆಗ ಪ್ರೀಮಿಯಂ ಇಳಿಯುತ್ತದೆ ಎಂದರು. ‘ಬ್ಲೂ ಡಾಗ್’ ಎಂದು ಕರೆಸಿಕೊಳ್ಳುತ್ತಿದ್ದ ಮಿತವ್ಯಯದ ಗುಂಪಿನಲ್ಲಿ ಹಳ್ಳಿಗಾಡಿನ ಕ್ಷೇತ್ರದವರು ಬಹಳ. ಆ ದರಕ್ಕೆ ನಮ್ಮ ಊರಿನ ಸಣ್ಣ ಆಸ್ಪತ್ರೆಗಳು ಬಾಗಿಲು ಹಾಕಬೇಕಾಗುತ್ತದೆ, ಆಸ್ಪತ್ರೆಗಳೊಡನೆ ಕೂತು ಚೌಕಾಸಿ ಮಾಡಿ ದರ ನಿಗದಿ ಮಾಡಿ ಎಂದು ಅವರು ಪಟ್ಟು ಹಿಡಿದರು. ನಮ್ಮಲ್ಲಿ ಆಯುಷ್ಮಾನ್ ಪ್ಯಾಕೇಜ್ ದರ ಗಿಟ್ಟುವುದಿಲ್ಲ ಎಂದು ಖಾಸಗಿ ಆಸ್ಪತ್ರೆಗಳು ತೆಗೆಯುವ ತಕರಾರೂ ಇದೇ. ಕೊನೆಗೆ ಬ್ಲೂ ಡಾಗ್‌ಗಳ ಮಾತು ನಿಂತಿತು. ಗರ್ಭಪಾತದ ಖರ್ಚಿಗೆ ಸರ್ಕಾರದ ನೆರವು ಸೇರಬಾರದೆಂಬ ಇನ್ನೊಂದು ತಿದ್ದುಪಡಿಗೆ 64 ಡೆಮಾಕ್ರಟರು ಕೈ ಎತ್ತಿದರು.

ಸೆನೆಟ್‌ನ ಕತೆ ಬೇರೆ. ಅಲ್ಲಿ ಎದುರು ಪಕ್ಷ ಚರ್ಚೆಯನ್ನು ಎಳೆಯುತ್ತಲೇ ಇರಬಹುದು. ಅದನ್ನು ಮುಗಿಸಲು 100ರಲ್ಲಿ 60 ಮತ ಬೇಕು. ಪಕ್ಷದ 58, ಜೊತೆಗಿದ್ದ ಪಕ್ಷೇತರರು ಇಬ್ಬರು, ಒಟ್ಟು ಸರಿಯಾಗಿ 60. ಅಂದರೆ ಅರವತ್ತರಲ್ಲಿ ಪ್ರತಿಯೊಬ್ಬರ ಜೇಬಿನಲ್ಲೂ ಬೀಗದ ಕೈ. ಕನೆಕ್ಟಿಕಟ್ ರಾಜ್ಯದ ಪಕ್ಷೇತರ ಜೋ ಲೀಬರ್‌ಮನ್ ಸರ್ಕಾರಿ ವಿಮೆ ಬೇಡವೇ ಬೇಡ ಎಂದರು. ಆ ರಾಜ್ಯದ ಹಾರ್ಟ್‌ಫರ್ಡ್ ನಗರ ವಿಮಾ ಕಂಪನಿಗಳ ತವರು. 55 ದಾಟಿದವರು ಹಣ ಕಟ್ಟಿ ಮೆಡಿಕೇರ್ ಸೇರಲಿ ಎಂಬ ರಾಜಿಯೂ ಅವರಿಂದಲೇ ಮುರಿಯಿತು. ನೆಬ್ರಾಸ್ಕಾದ ಬೆನ್ ನೆಲ್ಸನ್ ಒಪ್ಪಲೆಂದು, ಬಡವರ ‘ಮೆಡಿಕೇಡ್’ ವಿಸ್ತರಣೆಯ ಖರ್ಚನ್ನು ಅವರ ರಾಜ್ಯಕ್ಕೆ ಮಾತ್ರ ಕೇಂದ್ರವೇ ಕಾಯಂ ಭರಿಸುವ ಕಲಮು ಸೇರಿತು. ಅದಕ್ಕೆ ಎಷ್ಟು ಛೀಮಾರಿ ಬಿತ್ತೆಂದರೆ ಆಮೇಲೆ ತೆಗೆಯಬೇಕಾಯಿತು. ಡಿಸೆಂಬರ್ 24ರಂದು 60–39ರಲ್ಲಿ ಮಸೂದೆ ದಾಟಿತು.

ಮುಂದಿನ ಜನವರಿ 19ರ ಉಪಚುನಾವಣೆಯಲ್ಲಿ ಮ್ಯಾಸಚೂಸೆಟ್ಸ್ ಸೀಟು ಕೈತಪ್ಪಿ 60 ಹೋಗಿ 59 ಆಯಿತು. ಇನ್ನು ತಿದ್ದಿ ಸೆನೆಟ್‌ಗೆ ವಾಪಸು ಕಳಿಸುವ ಹಾಗಿಲ್ಲ. ಸೆನೆಟ್ ಕೊಟ್ಟದ್ದನ್ನೇ ಕೆಳಮನೆ ಅಕ್ಷರ ಬದಲಿಸದೆ ಒಪ್ಪಬೇಕು. ಒಪ್ಪಿತು, 2010ರ ಮಾರ್ಚ್ 21ರಂದು, 219–212. ಈ ಸಲ ಸ್ವಪಕ್ಷದ ವಿರೋಧಿಗಳು 34. ಪೂರ್ತಿ ಸರ್ಕಾರಿ ವಿಮೆಯೇ ಬೇಕೆಂದು ನವೆಂಬರ್‌ನಲ್ಲಿ ಎದುರು ಮತ ಹಾಕಿದ್ದ ಡೆನ್ನಿಸ್ ಕುಸಿನಿಚ್ ಈ ಸಲ ಪರವಾಗಿ ಹಾಕಿದರು. ಗರ್ಭಪಾತದ ವಿಚಾರಕ್ಕೆ ಅಡ್ಡ ನಿಂತವರನ್ನು ಅಧ್ಯಕ್ಷರ ಆದೇಶದ ಭರವಸೆ ಕೊಟ್ಟು ಒಪ್ಪಿಸಲಾಯಿತು. ಹಣಕ್ಕೆ ಸಂಬಂಧಿಸಿದ ಸಣ್ಣಪುಟ್ಟ ತಿದ್ದುಪಡಿಗಳು 51 ಮತ ಸಾಕಾಗುವ ‘ರಿಕನ್ಸಿಲಿಯೇಷನ್’ ಎಂಬ ಬಜೆಟ್ ದಾರಿಯಲ್ಲಿ ಪ್ರತ್ಯೇಕವಾಗಿ ಬಂದವು.

ಪ್ರಶ್ನೆ: ಎದುರು ಮತ ಹಾಕಿದ 34 ಜನರ ಸದಸ್ಯತ್ವ ಹೋಗಲಿಲ್ಲವೇ? ನಮ್ಮಲ್ಲಾಗಿದ್ದರೆ ಅಷ್ಟೂ ಸೀಟಿಗೆ ಉಪಚುನಾವಣೆ ಆಗಿರುತ್ತಿತ್ತು. — ಹಾಸನದ ಪಿಯು ಕಾಲೇಜಿನ ಉಪನ್ಯಾಸಕಿ

ಉತ್ತರ: ಹೋಗಲಿಲ್ಲ. ಅಲ್ಲಿ ಪಕ್ಷಾಂತರ ನಿಷೇಧ ಕಾನೂನೇ ಇಲ್ಲ. ಟಿಕೆಟ್ ಕೊಡುವುದೂ ಹೈಕಮಾಂಡ್ ಅಲ್ಲ. ಪಕ್ಷದ ಅಭ್ಯರ್ಥಿ ಯಾರೆಂದು ಕ್ಷೇತ್ರದ ಮತದಾರರೇ ಮೊದಲು ‘ಪ್ರೈಮರಿ’ ಎಂಬ ಚುನಾವಣೆಯಲ್ಲಿ ಆರಿಸುತ್ತಾರೆ. ನಮ್ಮಲ್ಲಿ ಬಿ ಫಾರಂ ಯಾರ ಕೈಯಲ್ಲಿದೆಯೋ ಅವರ ಮಾತೇ ಮಾತು.

ಪಕ್ಷಾಂತರ ತಡೆಯುವ ನಮ್ಮ ಸಂವಿಧಾನದ 10ನೇ ಅನುಸೂಚಿ 1985ರಲ್ಲಿ ಬಂತು. ಅದರ 2(1)(ಬಿ) ಪ್ರಕಾರ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಮೀರಿ ಮತ ಹಾಕಿದರೂ, ಮತ ಹಾಕದೆ ಉಳಿದರೂ ಅನರ್ಹತೆಯ ಕತ್ತಿ ತೂಗುತ್ತದೆ. ಮೊದಲೇ ಅನುಮತಿ ಪಡೆದಿದ್ದರೆ, ಅಥವಾ 15 ದಿನದೊಳಗೆ ಪಕ್ಷ ಮನ್ನಿಸಿದರೆ ಮಾತ್ರ ಪಾರು. ವಿದ್ಯಾರ್ಥಿಗಳಿಗೆ ಹೇಳುವಾಗ ಒಂದು ಅಂಶ ಬಿಡಬೇಡಿ: 1992ರ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅನುಸೂಚಿಯನ್ನು ಎತ್ತಿಹಿಡಿದರೂ, ಸದಸ್ಯತ್ವಕ್ಕೆ ಕುತ್ತು ತರುವ ವಿಪ್ ವಿಶ್ವಾಸಮತಕ್ಕೆ ಮತ್ತು ಪಕ್ಷದ ಮೂಲ ಕಾರ್ಯಕ್ರಮದ ವಿಷಯಗಳಿಗೆ ಸೀಮಿತವಾಗಿರಬೇಕು ಎಂಬ ನಿಲುವು ತಳೆಯಿತು. ಆಸ್ಪತ್ರೆ ದರಪಟ್ಟಿಯ ಮಸೂದೆಗೂ ವಿಪ್ ಹೊರಡಿಸುವುದು ಆ ಆಶಯಕ್ಕೆ ಹೊಂದುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ತಾಲ್ಲೂಕು ಆಸ್ಪತ್ರೆಯ ಕಷ್ಟ ಬಲ್ಲ ಶಾಸಕರು ಸದನದಲ್ಲಿ ಬಾಯಿ ಬಿಡುವಂತಿರಬೇಕು.

ಪ್ರಶ್ನೆ: ಒಬಾಮಾ ಕಾನೂನು ಕಿತ್ತೊಗೆಯುತ್ತೇವೆಂದು ಏಳು ವರ್ಷ ಹೇಳಿದ ರಿಪಬ್ಲಿಕನ್ನರಿಗೆ 2017ರಲ್ಲಿ ಎರಡೂ ಮನೆ, ಅಧ್ಯಕ್ಷಗಿರಿ ಸಿಕ್ಕಿತು. ಆದರೂ ಯಾಕೆ ಆಗಲಿಲ್ಲ? — ತರೀಕೆರೆಯ ಓದುಗರು

ಉತ್ತರ: ಆ ಕಾನೂನು ಆಗ ಮೂರು ಗುಂಡಿನ ಒಲೆ. ಕಾಯಿಲೆ ಇದೆ ಎಂದು ವಿಮೆ ನಿರಾಕರಿಸುವಂತಿಲ್ಲ. ಎಲ್ಲರೂ ವಿಮೆ ಮಾಡಿಸಬೇಕು, ಇಲ್ಲದಿದ್ದರೆ ದಂಡ ಎಂದಿತ್ತು (ಕೇಂದ್ರದ ಈ ದಂಡ 2019ರಿಂದ ಇಲ್ಲ). ಕಟ್ಟಲಾಗದವರಿಗೆ ಸರ್ಕಾರದ ಸಹಾಯಧನ. ಮೊದಲನೆಯದು ಜನಕ್ಕೆ ಇಷ್ಟ, ಎರಡನೆಯದು ಕಂಡರಾಗುತ್ತಿರಲಿಲ್ಲ. ಆದರೆ ಎರಡನೆಯದನ್ನು ಕಿತ್ತರೆ ಮೊದಲನೆಯದು ಅಲುಗುತ್ತದೆ ಎಂಬುದು ಆಗಿನ ಲೆಕ್ಕ.

ಲೆಕ್ಕ ಹಾಕಿ ನೋಡಿ. ನೂರು ಮನೆಯ ಊರು, ವರ್ಷಕ್ಕೆ ಹತ್ತು ಮನೆಗೆ ತಲಾ 1 ಲಕ್ಷ ಆಸ್ಪತ್ರೆ ಖರ್ಚು, ಒಟ್ಟು 10 ಲಕ್ಷ. ಎಲ್ಲರೂ ಸೇರಿದರೆ ಮನೆಗೆ 10,000 ರೂಪಾಯಿ. ನಮಗೇನೂ ಕಾಯಿಲೆ ಇಲ್ಲ ಎಂದು 30 ಮನೆ ಬಿಟ್ಟರೆ, ಉಳಿದವರ ಮೇಲೆ 14,286. ಅದು ಹೊರೆಯಾಯಿತೆಂದು ಇನ್ನೂ 20 ಮನೆ ಬಿಟ್ಟರೆ 20,000. ಹೀಗೇ ಕೊನೆಗೆ ಕಾಯಿಲೆಯವರು ಮಾತ್ರ ಉಳಿಯುತ್ತಾರೆ. ನಮ್ಮ ಸಹಕಾರ ಸಂಘಗಳ ಯಶಸ್ವಿನಿ ಯೋಜನೆಗೆ ಇಂತಿಷ್ಟು ದಿನದೊಳಗೆ ವಂತಿಗೆ ಕಟ್ಟಿ ಎಂದು ಗಡುವು ಇಟ್ಟಿದ್ದು ಇದಕ್ಕೇ. ಆಪರೇಷನ್ ದಿನ ಬಂದು ಸೇರಬಹುದು ಎಂದಿದ್ದರೆ ನಿಧಿ ಒಂದು ವರ್ಷವೂ ಬಾಳುತ್ತಿರಲಿಲ್ಲ.

ರಿಪಬ್ಲಿಕನ್ನರ ಒಂದು ಬಣ, ‘ಫ್ರೀಡಂ ಕಾಕಸ್’, ಈ ನಿಯಮಗಳೆಲ್ಲ ಹೋಗಲಿ ಎಂದಿತು. ಇನ್ನೊಂದು ಬಣದವರ ರಾಜ್ಯಗಳಲ್ಲಿ ಮೆಡಿಕೇಡ್ ವಿಸ್ತರಣೆಯಿಂದ ಆಗಲೇ ಜನಕ್ಕೆ ಕಾರ್ಡು ಸಿಕ್ಕಿತ್ತು. ಕೊಟ್ಟದ್ದನ್ನು ಕಿತ್ತುಕೊಳ್ಳಲು ಅವರು ತಯಾರಿರಲಿಲ್ಲ. ಈ ಕಡೆ ದಾರ ಬಿಗಿದರೆ ಆ ಕಡೆ ಬಿಚ್ಚುತ್ತಿತ್ತು. ಮಾರ್ಚ್ 24ರಂದು ಮತಕ್ಕೆ ಹಾಕದೆಯೇ ಮಸೂದೆ ವಾಪಸಾಯಿತು. ಆಮೇಲೆ ಕೆಲವು ನಿಯಮಗಳಿಂದ ರಾಜ್ಯಗಳು ವಿನಾಯಿತಿ ಕೇಳಬಹುದು ಎಂಬ ತಿದ್ದುಪಡಿ ಹಾಕಿ ಮೊದಲ ಬಣವನ್ನು, ಹಳೆ ಕಾಯಿಲೆಯವರಿಗೆಂದು ಐದು ವರ್ಷಕ್ಕೆ 800 ಕೋಟಿ ಡಾಲರ್ ಇಟ್ಟು ಎರಡನೆಯದರಲ್ಲಿ ಕೆಲವರನ್ನು ಒಲಿಸಿ, ಮೇ 4ರಂದು 217–213ರಲ್ಲಿ ದಾಟಿಸಿದರು. 20 ರಿಪಬ್ಲಿಕನ್ನರು ವಿರುದ್ಧ.

ಸೆನೆಟ್‌ನಲ್ಲಿ ಅವರ ಬಲ 52. ಬಜೆಟ್ ದಾರಿಯಲ್ಲಿ ಹೋದದ್ದರಿಂದ 60 ಬೇಕಿರಲಿಲ್ಲ. ಇಬ್ಬರು ಹೋದರೂ 50–50 ಸಮವಾಗಿ, ಉಪಾಧ್ಯಕ್ಷರ ಮತದಿಂದ ಗೆಲ್ಲಬಹುದಿತ್ತು. ಆದರೆ ಆ ದಾರಿಯಲ್ಲಿ ಹಣದ ಲೆಕ್ಕಕ್ಕೆ ತಾಗುವ ಕಲಮುಗಳನ್ನು ಮಾತ್ರ ಮುಟ್ಟಬಹುದು, ವಿಮೆಯ ನಿಯಮಗಳನ್ನೆಲ್ಲ ಮುಟ್ಟಲಾಗದು. ಜುಲೈ 28ರ ನಸುಕಿನಲ್ಲಿ ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ, ಜಾನ್ ಮೆಕೇನ್ ಮೂವರೂ ಬೇಡವೆಂದರು. 49–51. ಮೆದುಳಿನ ಗಡ್ಡೆ ಪತ್ತೆಯಾಗಿ ಕೆಲವೇ ದಿನಗಳಾಗಿದ್ದ ಮೆಕೇನ್ ಸದನದ ಮುಂದೆ ಬಂದು, ಕೈ ಚಾಚಿ, ಹೆಬ್ಬೆರಳನ್ನು ಕೆಳಗೆ ಮಾಡಿದರು. ಸಮಿತಿಯಲ್ಲಿ ವಿಚಾರಣೆ ನಡೆಸದೆ, ಬಾಗಿಲು ಹಾಕಿಕೊಂಡು ಬರೆದ ಮಸೂದೆ ಎಂಬುದು ಅವರ ದೊಡ್ಡ ಆಕ್ಷೇಪವಾಗಿತ್ತು.

ಪ್ರಶ್ನೆ: ಇಂಥ ವಿಚಾರಕ್ಕೆ ಮಂತ್ರಿಗಿರಿಯನ್ನೇ ಬಿಟ್ಟವರು ಇದ್ದಾರೆಯೇ? — ಸಕಲೇಶಪುರದ ಓದುಗರು

ಉತ್ತರ: ಬ್ರಿಟನ್ನಿನ ಅನೂರಿನ್ ಬೆವನ್. 1948ರ ಜುಲೈ 5ರಂದು ಉಚಿತ ರಾಷ್ಟ್ರೀಯ ಆರೋಗ್ಯ ಸೇವೆ ಶುರು ಮಾಡಿಸಿದ ಲೇಬರ್ ಪಕ್ಷದ ಮಂತ್ರಿ. 1951ರ ಏಪ್ರಿಲ್ 10ರ ಬಜೆಟ್‌ನಲ್ಲಿ ಅವರದೇ ಸರ್ಕಾರದ ಹಣಕಾಸು ಮಂತ್ರಿ ಹ್ಯೂ ಗೇಟ್‌ಸ್ಕೆಲ್, ಕಟ್ಟಿಸಿಕೊಳ್ಳುವ ಹಲ್ಲು ಮತ್ತು ಕನ್ನಡಕಕ್ಕೆ ಅರ್ಧ ಬೆಲೆ ರೋಗಿಯೇ ಕೊಡಲಿ ಎಂದರು. ಆ ವರ್ಷ ಅದರಿಂದ ಬರಬೇಕಿದ್ದದ್ದು 1.3 ಕೋಟಿ ಪೌಂಡ್. ಕೊರಿಯಾ ಯುದ್ಧದ ನೆರಳಿನಲ್ಲಿ ಶಸ್ತ್ರಾಸ್ತ್ರಕ್ಕೆ ಮೂರು ವರ್ಷಕ್ಕೆ ಇಟ್ಟಿದ್ದು 470 ಕೋಟಿ ಪೌಂಡ್. ಅಷ್ಟು ದೊಡ್ಡ ಖರ್ಚಿನೆದುರು ಹಲ್ಲು, ಕನ್ನಡಕದ ದುಡ್ಡಿಗೆ ಕೈ ಹಾಕಬೇಕೇ ಎಂದು ಕೇಳಿ ಬೆವನ್ ಏಪ್ರಿಲ್ 22ರಂದು ರಾಜೀನಾಮೆ ಕೊಟ್ಟರು. ಹೆರಾಲ್ಡ್ ವಿಲ್ಸನ್, ಜಾನ್ ಫ್ರೀಮನ್ ಹಿಂಬಾಲಿಸಿದರು. ಆರು ತಿಂಗಳಿಗೆ ಚುನಾವಣೆ ಬಂದು ಪಕ್ಷ ಸೋತಿತು.

ಅದೇ ವಿಲ್ಸನ್ ಪ್ರಧಾನಿಯಾಗಿ 1965ರಲ್ಲಿ ಔಷಧಿ ಚೀಟಿಯ ಶುಲ್ಕವನ್ನು ರದ್ದು ಮಾಡಿದರು. 1968ರಲ್ಲಿ ಖಜಾನೆ ಬರಿದಾದಾಗ ಅವರ ಸರ್ಕಾರವೇ ಅದನ್ನು ಮತ್ತೆ ಹೇರಬೇಕಾಯಿತು.

ಪ್ರಶ್ನೆ: ಭಿನ್ನಮತ ಅಂದರೆ ಎಲ್ಲ ಕಡೆಯೂ ಕುರ್ಚಿ ಜಗಳವೇ ತಾನೆ? — ಕಡೂರಿನ ಓದುಗರು

ಉತ್ತರ: ಕೆಲವು ಸಲ ಹೌದು. ಅಸಮಾಧಾನ ಹೇಳಿಕೊಂಡವರು ಯಾವ ಕಲಮು, ಅದರ ಬದಲಿಗೆ ಯಾವ ಮಾತು ಇರಬೇಕು ಎಂದು ಬರೆದುಕೊಟ್ಟಿದ್ದಾರೆಯೇ ನೋಡಿ. ಬರೆದುಕೊಟ್ಟಿದ್ದರೆ ಜಗಳ ಕಾನೂನಿನದು.

ಪ್ರಶ್ನೆ: ನಮ್ಮ ರಾಜ್ಯದಲ್ಲಿ ಇಂಥದ್ದು ನಡೆದಿದೆಯೇ? ನಮ್ಮಂಥವರಿಗೆ ಅದು ಗೊತ್ತಾಗೋದು ಹೇಗೆ, ಮಾಡಬಹುದಾದ್ದೇನು? — ಅರಸೀಕೆರೆಯ ಓದುಗರು

ಉತ್ತರ: 2017ರ ಕೆಪಿಎಂಇ ತಿದ್ದುಪಡಿ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ. ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಂದ ಮಸೂದೆ ಜಂಟಿ ಸದನ ಸಮಿತಿಗೆ ಹೋಗಿ ಬಂತು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಆಡಳಿತ ಕಾಂಗ್ರೆಸ್ಸಿನೊಳಗೂ ಎಲ್ಲರದ್ದು ಒಂದೇ ದನಿ ಇರಲಿಲ್ಲ. ಕೊನೆಗೆ ಹೆಚ್ಚು ಹಣ ಸುಲಿದವರಿಗೆ ಜೈಲು ಎಂಬ ಅಂಶ ಕೈಬಿಟ್ಟು, ರೋಗಿಗಳ ಹಕ್ಕುಪಟ್ಟಿ ಮತ್ತು ಜಿಲ್ಲಾ ಮಟ್ಟದ ದೂರು ವ್ಯವಸ್ಥೆಯನ್ನು ಉಳಿಸಿಕೊಂಡು ಪಾಸು ಮಾಡಿದರು.

ನಮ್ಮಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಮುಗಿಯುವುದರಿಂದ ಯಾರು ಯಾವ ಕಡೆ ಎಂಬುದು ದಾಖಲಾಗುವುದೇ ಇಲ್ಲ. ಒಡಕು ಕಾಣಬೇಕೆಂದರೆ ಸದನಕ್ಕಿಂತ ಮೊದಲು ಹುಡುಕಬೇಕು. ಮಸೂದೆ ಮಂಡನೆಯಾದ ಪ್ರತಿ ಮತ್ತು ಸಮಿತಿಯಿಂದ ಬಂದ ಪ್ರತಿಯನ್ನು ಪಕ್ಕಪಕ್ಕ ಇಟ್ಟು, ಯಾವ ಕಲಮು ಬದಲಾಯಿತೋ ಅದಕ್ಕೆ ಗೆರೆ ಎಳೆಯಿರಿ. ಸಮಿತಿ ವರದಿಯ ಹಿಂದೆ ಭಿನ್ನಾಭಿಪ್ರಾಯದ ಟಿಪ್ಪಣಿ ಇದ್ದರೆ ತಪ್ಪದೆ ಓದಿ. ಶಾಸಕರಿಗೆ ಬರೆಯುವುದಿದ್ದರೆ ಮಸೂದೆ ಸಮಿತಿಯಲ್ಲಿದ್ದಾಗಲೇ ಬರೆಯಿರಿ, ವಿಪ್ ಬಂದ ಮೇಲೆ ಬರೆದು ಫಲವಿಲ್ಲ. ‘ಬಡವರ ಪರ ಇರಿ’ ಎಂದು ಬರೆದರೆ ಪತ್ರ ಫೈಲಿಗೆ ಹೋಗುತ್ತದೆ. ಕಲಮಿನ ಸಂಖ್ಯೆ, ನಿಮ್ಮ ತಾಲ್ಲೂಕಿಗೆ ಅದರಿಂದ ಆಗುವ ತೊಂದರೆ, ಬದಲಿ ವಾಕ್ಯ, ಇಷ್ಟು ಒಂದೇ ಹಾಳೆಯಲ್ಲಿರಲಿ.

ಪಾಸಾದ ಕಾನೂನನ್ನು ಬಳಸುವುದೂ ನಿಮ್ಮ ಕೈಯಲ್ಲೇ ಇದೆ. ಖಾಸಗಿ ಆಸ್ಪತ್ರೆ ಹೆಚ್ಚು ಹಣ ಕೇಳಿತೇ? ತುರ್ತು ಚಿಕಿತ್ಸೆಗೆ ಮುಂಗಡ ಕಟ್ಟದೆ ಮುಟ್ಟುವುದಿಲ್ಲ ಎಂದಿತೇ? ಬಾಕಿ ಹಣಕ್ಕಾಗಿ ತೀರಿಹೋದವರ ದೇಹ ಕೊಡದೆ ಸತಾಯಿಸಿತೇ? ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಿ. ಅರ್ಜಿ ಸಲ್ಲಿಸುವುದು ಹಾಸನದ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ. ಬಿಡಿಬಿಡಿಯಾಗಿ ಬರೆಸಿಕೊಂಡ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಗೋಡೆಗೆ ಹಾಕಿರುವ ದರಪಟ್ಟಿಯ ಫೋಟೊ ಜೊತೆಗಿರಲಿ. ದರಪಟ್ಟಿಯನ್ನೇ ಹಾಕಿಲ್ಲವಾದರೆ ಖಾಲಿ ಗೋಡೆಯ ಫೋಟೊವನ್ನೇ ಲಗತ್ತಿಸಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ.